ಹಪ್ಪಳದಿಂದ ಆಕಾಶವಾಣಿಯವರೆಗೆ: ತರಂಗದೂರವನ್ನು ಸ್ಕೇಲು ಹಿಡಿದು ಅಳೆಯುವುದು

ವಿದ್ಯುತ್ಕಾಂತೀಯ ತರಂಗಗಳ ಪಾಠ ಎಂದರೆ ಮಕ್ಕಳಿಗೆ ನೆನಪಾಗುವುದು ಒಂದು ಉದ್ದನೆಯ ಪಟ್ಟಿ. ಒಂದು ತುದಿಗೆ ರೇಡಿಯೋ, ಇನ್ನೊಂದು ತುದಿಗೆ ಗಾಮಾ, ನಡುವೆ ಸಣ್ಣದೊಂದು ಕಾಮನಬಿಲ್ಲು. ಅದನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದವರನ್ನೂ ‘ಮೈಕ್ರೋವೇವ್ ಎಷ್ಟುದ್ದ, ಕೈಯಲ್ಲಿ ತೋರಿಸಿ’ ಎಂದರೆ ಸುಮ್ಮನಾಗುತ್ತಾರೆ. ನಾನು ಪಾಠವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ತರಂಗದೂರ, ಅಂದರೆ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, ಇಷ್ಟು ಎಂದು ಕೈಯಲ್ಲಿ ತೋರಿಸಲು ಬಂದರೆ, ಯಾವುದು ಅದನ್ನು ತಡೆಯುತ್ತದೆ, ಯಾವುದು ಬಿಡುತ್ತದೆ, ಆಂಟೆನಾ ಎಷ್ಟುದ್ದ ಬೇಕು ಎನ್ನುವುದೆಲ್ಲ ಅದರ ಬೆನ್ನಿಗೇ ಬರುತ್ತದೆ. ಸಾಮಾನೆಲ್ಲ ಅಡುಗೆಮನೆಯದು, ಹಾರ್ಡ್‌ವೇರ್ ಅಂಗಡಿಯದು.

ಮೊದಲು ಉದ್ದಿನ ಹಪ್ಪಳ. ಮೈಕ್ರೋವೇವ್ ಓವನ್ನಿನ ಗಾಜಿನ ತಟ್ಟೆ, ಅದರ ಕೆಳಗಿನ ಚಕ್ರದ ಉಂಗುರ ಎರಡನ್ನೂ ತೆಗೆದಿಡಬೇಕು. ನಡುವಿನ ತಿರುಗುವ ಬಿಲ್ಲೆ ಹಾಗೇ ಉಳಿಯುತ್ತದೆ. ಅದಕ್ಕೆ ತಾಗದಂತೆ ಎರಡು ಬದಿಗೆ ಎರಡು ಪಿಂಗಾಣಿ ಬಟ್ಟಲು ಕವುಚಿ, ಅವುಗಳ ಮೇಲೆ ರಟ್ಟಿನ ಹಾಳೆಯೊಂದನ್ನು ಇಟ್ಟು, ಹಸಿ ಹಪ್ಪಳಗಳನ್ನು ಅಂಚಿಗೆ ಅಂಚು ತಾಗಿಸಿ ಒಂದೇ ಪದರದಲ್ಲಿ ಹರಡುತ್ತೇನೆ. ಏನೂ ತಿರುಗಬಾರದು, ಇಡೀ ಪ್ರಯೋಗ ನಿಂತಿರುವುದು ಅದರ ಮೇಲೆ. ಓವನ್ ಪೂರ್ಣ ಶಕ್ತಿಯಲ್ಲಿ ಓಡಲಿ; ಕಡಿಮೆ ಶಕ್ತಿಗೆ ಇಟ್ಟರೆ ಹೆಚ್ಚಿನ ಓವನ್‌ಗಳು ಬಿಟ್ಟು ಬಿಟ್ಟು ಓಡುತ್ತವೆ, ಸಮಯದ ಲೆಕ್ಕ ಸಿಗುವುದಿಲ್ಲ. ಗ್ರಿಲ್, ಕನ್ವೆಕ್ಷನ್ ಎರಡೂ ಬಂದ್ ಇರಬೇಕು. ಸುಮಾರು 20 ಸೆಕೆಂಡಿನಿಂದಾಚೆ ಬಾಗಿಲ ಗಾಜಿನಲ್ಲಿ ಕಣ್ಣಿಟ್ಟು ನೋಡಿ: ಹಪ್ಪಳ ಒಟ್ಟಿಗೆ ಅರಳುವುದಿಲ್ಲ, ಅಲ್ಲಲ್ಲಿ ಬೆಳ್ಳಗೆ ಗುಳ್ಳೆ ಏಳುತ್ತದೆ. ಆ ಬಿಳಿ ಮಚ್ಚೆಗಳು ರೂಪಾಯಿ ನಾಣ್ಯದಷ್ಟಾದ ಕೂಡಲೇ ನಿಲ್ಲಿಸಬೇಕು. ಹತ್ತು ಸೆಕೆಂಡು ಹೆಚ್ಚು ಬಿಟ್ಟರೂ ಬಿಸಿ ಪಕ್ಕಕ್ಕೆ ಹರಿದು ಮಚ್ಚೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಮೆಣಸಿನ ಕಾಳಿದ್ದ ಕಡೆ ಕರಟುತ್ತದೆ.

ಈಗ ಮಚ್ಚೆಗಳ ನಡುಮಧ್ಯಕ್ಕೆ ಪೆನ್ನಿನಲ್ಲಿ ಚುಕ್ಕೆ ಇಟ್ಟು, ಅಕ್ಕಪಕ್ಕದ ಚುಕ್ಕೆಗಳ ಅಂತರ ಅಳೆಯಿರಿ. 5.5ರಿಂದ 7 ಸೆಂ.ಮೀ.ವರೆಗೆ ಬರುತ್ತದೆ, ಏಳೆಂಟು ಜೋಡಿಯ ಸರಾಸರಿ 6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಓವನ್ನಿನ ಲೋಹದ ಗೋಡೆಗಳ ನಡುವೆ ಹೋಗುವ ತರಂಗ, ಮರಳುವ ತರಂಗ ಎರಡೂ ಸೇರಿ ನಿಂತ ಅಲೆಯಾಗಿವೆ. ಅಂಥ ಅಲೆಯಲ್ಲಿ ಬಿಸಿ ಜಾಗದಿಂದ ಬಿಸಿ ಜಾಗಕ್ಕೆ ಅರ್ಧ ತರಂಗದೂರ. ಅಂದರೆ ಪೂರ್ತಿ ತರಂಗದೂರ 12 ಸೆಂ.ಮೀ. ಓವನ್ನಿನ ಹಿಂದಿನ ಚೀಟಿಯಲ್ಲಿ ಆವೃತ್ತಿ 2450 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ, ಅಂದರೆ ಸೆಕೆಂಡಿಗೆ 245 ಕೋಟಿ ಅಲೆ. 0.12 ಮೀಟರನ್ನು ಅದರಿಂದ ಗುಣಿಸಿದರೆ ಸೆಕೆಂಡಿಗೆ 29.4 ಕೋಟಿ ಮೀಟರ್. ಬೆಳಕಿನ ವೇಗ 29.98 ಕೋಟಿ. ಹಪ್ಪಳ ಮತ್ತು ಸ್ಕೇಲಿನಿಂದ ಅಳೆದ ಬೆಳಕಿನ ವೇಗ ಇದು. ನೂರಕ್ಕೆ ಹತ್ತರಷ್ಟು ಆಚೀಚೆ ಆದರೂ ತೃಪ್ತಿಪಡಬೇಕು, ಏಕೆಂದರೆ ಓವನ್ನಿನೊಳಗೆ ತರಂಗ ಮೂರೂ ದಿಕ್ಕಿನಲ್ಲಿ ನಿಂತಿರುತ್ತದೆ. ನಾವು ಅಳೆಯುವುದು ಅದರ ಒಂದು ಸೀಳನ್ನು ಮಾತ್ರ. ಹೀಗಾಗಿ ಒಂದೇ ಜೋಡಿ ಅಳೆದು ತೀರ್ಮಾನಕ್ಕೆ ಬರಬಾರದು.

ಕೆಡುವುದು ಹೀಗೆ. ಕೆಲವು ಓವನ್‌ಗಳಲ್ಲಿ ತಿರುಗುವ ತಟ್ಟೆಯೇ ಇರುವುದಿಲ್ಲ. ಅವುಗಳೊಳಗೆ ಲೋಹದ ರೆಕ್ಕೆಯೊಂದು ತಿರುಗಿ ಅಲೆಯನ್ನು ಕಲಕುತ್ತದೆ, ಮಚ್ಚೆ ಮೂಡುವುದೇ ಇಲ್ಲ. ಡಬ್ಬದಲ್ಲಿಟ್ಟು ಗರಿಗರಿ ಒಣಗಿದ ಹಪ್ಪಳ ಮೈಕ್ರೋವೇವನ್ನು ಸರಿಯಾಗಿ ಹೀರುವುದಿಲ್ಲ. ಗಂಟೆ ಎರಡು ಗಂಟೆ ಹೊರಗೆ ಬಿಟ್ಟು ಸ್ವಲ್ಪ ತೇವ ಹಿಡಿಸಿ. ತೀರಾ ಒಣ ಹಪ್ಪಳದ ಮೇಲೆ ಓಡಿಸುವುದೆಂದರೆ ಓವನ್ನನ್ನು ಖಾಲಿ ಓಡಿಸಿದ ಹಾಗೆ, ತರಂಗ ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗೆ ಪೆಟ್ಟು. ಒಂದು ಸುತ್ತು 40 ಸೆಕೆಂಡು ಮೀರಿಸಬೇಡಿ, ಸುತ್ತಿಗೂ ಸುತ್ತಿಗೂ ನಡುವೆ ಬಿಡುವು ಕೊಡಿ. ಸಂಡಿಗೆಯಲ್ಲಿ ಈ ಪ್ರಯೋಗ ಆಗದು. ಅದರ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಇಲ್ಲೇ ಒಂದು ತಪ್ಪು ತಿದ್ದಬೇಕು. 2450 ಮೆಗಾಹರ್ಟ್ಸ್ ಎಂದರೆ ನೀರಿನ ಅಣುವಿನ ಅನುರಣನದ (ಅದು ತಾನಾಗಿ ಕಂಪಿಸುವ) ಆವೃತ್ತಿ ಎಂದು ಅನೇಕ ಕಡೆ ಬರೆದಿರುತ್ತಾರೆ. ಹಾಗಲ್ಲ. ದ್ರವರೂಪದ ನೀರು ಅತಿ ಹೆಚ್ಚು ಹೀರುವುದು ಇನ್ನೂ ಬಹಳ ಮೇಲೆ, ಕೋಣೆಯ ಉಷ್ಣತೆಯಲ್ಲಿ ಸುಮಾರು 20 ಗಿಗಾಹರ್ಟ್ಸ್ ಸುತ್ತಮುತ್ತ. ಓವನ್ ಅಷ್ಟು ಮೇಲಿದ್ದರೆ ಆಹಾರದ ಹೊರಮೈಯಷ್ಟೇ ಬಿಸಿಯಾಗಿ ಒಳಗು ಹಸಿಯಾಗೇ ಉಳಿಯುತ್ತಿತ್ತು. ಹೀರುವಿಕೆ ಮಿತವಾಗಿರುವುದರಿಂದಲೇ ತರಂಗ ಒಂದೆರಡು ಸೆಂ.ಮೀ. ಒಳಗಿಳಿಯುತ್ತದೆ.

12 ಸೆಂ.ಮೀ. ಗೊತ್ತಾದ ಮೇಲೆ ಬಾಗಿಲಿನ ಜಾಲರಿ ತೋರಿಸಿ. ತೂತು ಒಂದೆರಡು ಮಿಲಿಮೀಟರು. 12 ಸೆಂ.ಮೀ. ತರಂಗಕ್ಕೆ ಅದು ಗೋಡೆ. ಅರ್ಧ ಮೈಕ್ರಾನಿನ ಬೆಳಕಿಗೆ ಅದು ಹೆಬ್ಬಾಗಿಲು. ಅದಕ್ಕೇ ಒಳಗಿನದು ಕಾಣುತ್ತದೆ, ಮುಖ ಸುಡುವುದಿಲ್ಲ. ಆಗ ಯಾರಾದರೂ ಮೊಬೈಲನ್ನು ಒಳಗಿಟ್ಟು ಕರೆ ಮಾಡಿ ನೋಡೋಣ ಎನ್ನುತ್ತಾರೆ. ಮಾಡಬಹುದು, ಆದರೆ ಓವನ್ನಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆ. ಫೋನು ಬಹಳ ಸಲ ರಿಂಗಾಗುತ್ತದೆ, ಓವನ್ ಸೋರುತ್ತಿದೆ ಎಂದು ಗಾಬರಿಯಾಗುತ್ತಾರೆ. ಲೆಕ್ಕ ಬೇರೆ: ಬಾಗಿಲಿನ ಸಂದಿಯನ್ನು 2450 ಮೆಗಾಹರ್ಟ್ಸ್‌ಗೆ ಹೊಂದಿಸಿ ಮಾಡಿದ್ದಾರೆ, ಫೋನಿನ ಆವೃತ್ತಿಗಳಿಗಲ್ಲ. ಜೊತೆಗೆ, ಬಂದ ಸಿಗ್ನಲ್ ಸಾವಿರದಲ್ಲೊಂದು ಪಾಲಿಗೆ ಇಳಿದರೂ ಫೋನಿಗೆ ಧಾರಾಳ ಸಾಕು. ರಿಂಗಾಯಿತು ಎನ್ನುವುದು ಸೋರಿಕೆಯ ಪರೀಕ್ಷೆಯಲ್ಲ.

ಇಷ್ಟು ಗುಣಗಳ ಮಾತು. ತರಂಗದ ಉತ್ಪಾದನೆಯನ್ನು ಕಣ್ಣಾರೆ ತೋರಿಸಲು ಗ್ಯಾಸ್ ಲೈಟರಿಗಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಇಂಥ ತರಂಗಗಳಿವೆ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1865ರಲ್ಲಿ ಕಾಗದದ ಮೇಲೆ ಹೇಳಿದ್ದನ್ನು ಹರ್ಟ್ಸ್ 1887–88ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಎಯಲ್ಲಿ ಕಿಡಿಯಿಂದಲೇ ಸಾಧಿಸಿದ. ನಮ್ಮ ಲೈಟರಿನ ಒಳಗಿರುವುದೂ ಕಿಡಿಯೇ: ಸುತ್ತಿಗೆಯೇಟು ಬಿದ್ದ ಪೀಝೋ ಹರಳು ಕ್ಷಣಮಾತ್ರ ಸಾವಿರಾರು ವೋಲ್ಟ್ ಕೊಡುತ್ತದೆ. ಹಳೆಯ ಲೈಟರಿನ ಉದ್ದ ಕೊಳವೆಯನ್ನು ಬಿಚ್ಚಿ, ನಡುವಿನ ಕಡ್ಡಿಗೊಂದು, ಲೋಹದ ಮೈಗೊಂದು, ತಲಾ 40 ಸೆಂ.ಮೀ. ದಪ್ಪ ತಾಮ್ರದ ತಂತಿ ಬಿಗಿಯುತ್ತೇನೆ. ಎರಡೂ ಒಂದೇ ಸಾಲಿನಲ್ಲಿ ಎದುರುಬದುರಾಗಿ ಚಾಚಿರಬೇಕು. ಒಳತುದಿಗಳ ನಡುವೆ 3–4 ಮಿ.ಮೀ. ಬಿಡುವು, ಕಿಡಿ ಅಲ್ಲೇ ಹಾರಬೇಕು, ಬೇರೆಲ್ಲೂ ಅಲ್ಲ. ಕಿಡಿ ಲೈಟರಿನ ಒಳಗೇ ಹಾರುತ್ತಿದ್ದರೆ ಟಕ್ ಸದ್ದು ಕೇಳಿಸುತ್ತದೆ, ತರಂಗ ಮಾತ್ರ ಹೊರಡುವುದಿಲ್ಲ. ತಂತಿಯ ಒಟ್ಟು ಉದ್ದ 80 ಸೆಂ.ಮೀ. ಅಂದರೆ ಅರ್ಧ ತರಂಗದೂರ, ಪೂರ್ತಿ 1.6 ಮೀಟರ್, ಆವೃತ್ತಿ ಸುಮಾರು 190 ಮೆಗಾಹರ್ಟ್ಸ್. ಕಿಡಿ ತಾನಾಗಿ ಎಲ್ಲ ಆವೃತ್ತಿಯನ್ನೂ ಚೆಲ್ಲುತ್ತದೆ. ಯಾವುದು ಗಟ್ಟಿಯಾಗಿ ಹೊರಡಬೇಕು ಎಂದು ತೀರ್ಮಾನಿಸುವುದು ತಂತಿಯ ಉದ್ದ.

ಆ ತರಂಗವನ್ನು ಹಿಡಿಯಲು ಕೊಹಿಯರರ್ ಎಂಬ ಪುಟ್ಟ ಕೊಳವೆ. 1890ರಲ್ಲಿ ಫ್ರೆಂಚ್ ವಿಜ್ಞಾನಿ ಬ್ರಾನ್ಲಿ ಕಂಡ ಗುಣ ಇದರ ತಳಹದಿ: ಸಡಿಲವಾಗಿ ತುಂಬಿದ ಲೋಹದ ಪುಡಿ ಸಾಮಾನ್ಯವಾಗಿ ವಿದ್ಯುತ್ತನ್ನು ಬಿಡುವುದಿಲ್ಲ, ಹತ್ತಿರ ಕಿಡಿ ಹಾರಿದರೆ ಬಿಡುತ್ತದೆ. ಒಳವ್ಯಾಸ 5–6 ಮಿ.ಮೀ. ಇರುವ ಪಾರದರ್ಶಕ ಕೊಳವೆ ನಾಲ್ಕೈದು ಸೆಂ.ಮೀ. ಬೇಕು. ಎರಡು ತುದಿಗೂ ಬಿಗಿಯಾಗಿ ಕೂರುವ ಹಿತ್ತಾಳೆ ಸ್ಕ್ರೂ, ಅವುಗಳ ನಡುವೆ 4 ಮಿ.ಮೀ. ಜಾಗ, ಆ ಜಾಗದಲ್ಲಿ ಮುಕ್ಕಾಲು ಪಾಲು ಕಬ್ಬಿಣದ ಪುಡಿ. ಪುಡಿಯನ್ನು ಮೊಳೆಯಿಂದ ಒರಟು ಅರದಲ್ಲಿ ಉಜ್ಜಿ ತೆಗೆಯಿರಿ. ವರ್ಕ್‌ಶಾಪಿನಿಂದ ತಂದ ಪುಡಿಯಲ್ಲಿ ಎಣ್ಣೆ ಇರುತ್ತದೆ. ಸೋಪುನೀರಲ್ಲಿ ತೊಳೆದು ತಕ್ಷಣ ಒಣಗಿಸದಿದ್ದರೆ ಕೆಲಸಕ್ಕೆ ಬಾರದು. ತೆಳುವಾದ ತುಕ್ಕು ಇರಬೇಕು, ಕೆಂಪಗೆ ಹುಡಿಯಾಗುವಷ್ಟು ಬೇಡ. ಕಣಗಳ ಮೇಲಿನ ಆ ತೆಳು ಆಕ್ಸೈಡ್ ಪೊರೆಯೇ ತಡೆ. ತರಂಗ ಹುಟ್ಟಿಸಿದ ವೋಲ್ಟೇಜ್ ಅದನ್ನು ಒಡೆದು ಕಣಕ್ಕೆ ಕಣವನ್ನು ಸಣ್ಣದಾಗಿ ಬೆಸೆಯುತ್ತದೆ. ಬೆರಳಲ್ಲಿ ತಟ್ಟಿದರೆ ಬೆಸುಗೆ ಬಿಡುತ್ತದೆ, ಮತ್ತೆ ಸಿದ್ಧ. ಮಲ್ಟಿಮೀಟರಿನಲ್ಲಿ ನೋಡಿದರೆ ರೋಧ ಮೆಗಾಓಮಿನಿಂದ ಕೆಲವು ನೂರು ಓಮಿಗೆ ಬೀಳುವುದು ಕಾಣುತ್ತದೆ.

ಸರ್ಕ್ಯೂಟ್ ಸರಳ: ಎರಡು ಪೆನ್‌ಸೆಲ್, ಕೆಂಪು ಎಲ್‌ಇಡಿ, 220 ಓಮ್ ರೆಸಿಸ್ಟರ್, ಕೊಹಿಯರರ್, ಎಲ್ಲ ಸರಣಿಯಲ್ಲಿ. ಸ್ಕ್ರೂ ಒಂದೊಂದಕ್ಕೂ 40 ಸೆಂ.ಮೀ. ತಂತಿ, ಲೈಟರಿನ ತಂತಿಯಷ್ಟೇ ಉದ್ದ. ಬ್ಯಾಟರಿಗೆ ಹೋಗುವ ಎರಡೂ ತಂತಿಯನ್ನು ಪೆನ್ಸಿಲಿಗೆ 25 ಸುತ್ತು ಸುತ್ತಿ ಜೋಡಿಸಿ. ಈ ಸುರುಳಿ ಇಲ್ಲದಿದ್ದರೆ ಆಂಟೆನಾ ಹಿಡಿದದ್ದು ಬ್ಯಾಟರಿಯ ಕಡೆ ಹರಿದುಹೋಗುತ್ತದೆ. ಬಹಳ ಜನರ ಕೊಹಿಯರರ್ ಹತ್ತದಿರುವುದು ಇದೊಂದರಿಂದಲೇ. ಎಲ್‌ಇಡಿ ಯಾವಾಗಲೂ ಹತ್ತಿಕೊಂಡೇ ಇದ್ದರೆ ಪುಡಿ ಒತ್ತಾಗಿದೆ, ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ. ಹೆಚ್ಚು ಬೆಳಕಿಗೆಂದು 9 ವೋಲ್ಟ್ ಬ್ಯಾಟರಿ ಹಾಕಬೇಡಿ. ಕಿಡಿ ಇಲ್ಲದೆಯೇ ಪುಡಿ ಬೆಸೆದುಕೊಂಡು, ತಟ್ಟಿದರೂ ಬಿಡುವುದಿಲ್ಲ. ಇಗ್ನಿಷನ್ ಕಾಯಿಲ್ ಹಾಕಿ ದೂರ ಹೆಚ್ಚಿಸುವುದಂತೂ ಬೇಡವೇ ಬೇಡ. ಕಿಡಿಯ ತರಂಗ ಅಕ್ಕಪಕ್ಕದವರ ರೇಡಿಯೋ ಸಂಪರ್ಕವನ್ನೆಲ್ಲ ಕೆಡಿಸುತ್ತದೆ. ಲೈಟರಿನ ಒಂದೆರಡು ಕಿಡಿ ಸಾಕು, ಅದೂ ಪೇಸ್‌ಮೇಕರ್ ಇರುವವರಿಂದ ದೂರದಲ್ಲಿ.

ಎಷ್ಟು ದೂರದಲ್ಲಿಟ್ಟು ನೋಡಬೇಕು? ಹತ್ತು ಸೆಂ.ಮೀ. ದೂರದಲ್ಲಿ ಎಲ್‌ಇಡಿ ಹತ್ತಿದರೆ ತರಂಗ ಸಾಬೀತಾಯಿತು ಎನ್ನುವಂತಿಲ್ಲ. ತರಂಗದೂರವನ್ನು 6.28ರಿಂದ ಭಾಗಿಸಿದಷ್ಟು ದೂರದೊಳಗೆ, ಇಲ್ಲಿ 25 ಸೆಂ.ಮೀ. ಒಳಗೆ, ತಂತಿಯ ಸುತ್ತಲಿನ ಕ್ಷೇತ್ರವೇ ಹೆಚ್ಚು. ಅದು ತಂತಿಗೇ ಮರಳುತ್ತದೆ, ಹೊರಟುಹೋಗುವುದಿಲ್ಲ. ಒಂದು ಮೀಟರ್ ಆಚೆ ನಿಂತು ಟಕ್ ಎನ್ನಿಸಿದಾಗ ಹತ್ತಿದರೆ ಅದು ಬಿಟ್ಟು ಬಂದ ತರಂಗ. ಫ್ಯಾನಿನ ಸ್ವಿಚ್ ಒತ್ತಿದಾಗಲೂ ಒಮ್ಮೊಮ್ಮೆ ಹತ್ತುತ್ತದೆ. ಅದು ದೋಷವಲ್ಲ, ಸ್ವಿಚ್ಚಿನೊಳಗೂ ಕಿಡಿಯಿದೆ.

ಈಗ ಸ್ಟೀಲಿನ ಊಟದ ತಟ್ಟೆಯನ್ನು ನಡುವೆ ಹಿಡಿಯಿರಿ. ಎಲ್‌ಇಡಿ ಹತ್ತೇ ಹತ್ತುತ್ತದೆ. ತಟ್ಟೆ 30 ಸೆಂ.ಮೀ., ತರಂಗ 1.6 ಮೀಟರ್, ಬಂಡೆಯನ್ನು ಬಳಸಿಕೊಂಡು ಹೋಗುವ ನೀರಿನಂತೆ ಅದು ಬಳಸಿಕೊಂಡು ಬರುತ್ತದೆ. ಓವನ್ನಿನೊಳಗೆ ಇದೇ ತಟ್ಟೆ ಪೂರ್ತಿ ಕನ್ನಡಿ. ಸ್ಟೀಲ್ ಬೀರುವಿನ ಹಿಂದೆ ಹೋದರೆ ಮಾತ್ರ ಇಲ್ಲಿ ನೆರಳು ಸಿಗುತ್ತದೆ.

ಧ್ರುವೀಕರಣದ, ಅಂದರೆ ತರಂಗ ಯಾವ ದಿಕ್ಕಿಗೆ ಅಲುಗುತ್ತದೆ ಎನ್ನುವುದರ, ಪ್ರಯೋಗವನ್ನು ಬಯಲಲ್ಲೇ ಮಾಡಬೇಕು, ಕೋಣೆಯ ಪ್ರತಿಫಲನ ಕೆಡಿಸುತ್ತದೆ. ಎಲ್‌ಇಡಿ ಇನ್ನೇನು ಹತ್ತುವುದು ನಿಲ್ಲಬೇಕು ಎನ್ನುವಷ್ಟು ದೂರಕ್ಕೆ ಸರಿದು, ಗ್ರಾಹಕದ ತಂತಿಯನ್ನು ಅಡ್ಡದಿಂದ ನೆಟ್ಟಗೆ ತಿರುಗಿಸಿ: ಆರುತ್ತದೆ, ಅಂದರೆ ಹತ್ತುವುದೇ ಇಲ್ಲ. ಒಂದೂವರೆ ಮೀಟರಿನ ಮರದ ಚೌಕಟ್ಟಿಗೆ ಹತ್ತು ಹತ್ತು ಸೆಂ.ಮೀ. ಅಂತರದಲ್ಲಿ ಜಿಐ ತಂತಿ ಬಿಗಿದು ನಡುವೆ ನಿಲ್ಲಿಸಿದರೆ, ಆಂಟೆನಾಕ್ಕೆ ಸಮಾನಾಂತರವಾದಾಗ ತಡೆ, ಅಡ್ಡವಾದಾಗ ದಾರಿ. ಹಗ್ಗದ ಅಲೆ ಕಿಟಕಿ ಸರಳಿನ ಸಂದಿಯಲ್ಲಿ ತೂರುವ ಹೋಲಿಕೆ ಕೇಳಿದವರು ಉಲ್ಟಾ ನಿರೀಕ್ಷಿಸುತ್ತಾರೆ. ಸಮಾನಾಂತರ ತಂತಿಯಲ್ಲಿ ಎಲೆಕ್ಟ್ರಾನುಗಳು ಉದ್ದಕ್ಕೂ ಓಡಬಲ್ಲವು, ಅದಕ್ಕೇ ತರಂಗ ಅಲ್ಲೇ ಮರಳುತ್ತದೆ. ಇಷ್ಟು ದೊಡ್ಡ ಚೌಕಟ್ಟು ಬೇಕಾದದ್ದು ನಮ್ಮ ತರಂಗ ದೊಡ್ಡದಾದ್ದರಿಂದ. ಹರ್ಟ್ಸ್ ಸುಮಾರು 66 ಸೆಂ.ಮೀ. ತರಂಗವನ್ನು ಬಾಗಿಸಲು ಅರ್ಧ ಟನ್ನಿಗೂ ಮಿಕ್ಕಿದ ಡಾಂಬರಿನ ಪಟ್ಟಕ ಎರಕ ಹೊಯ್ಯಬೇಕಾಯಿತು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತರಂಗವನ್ನೇ ಮಿಲಿಮೀಟರುಗಳಿಗೆ ಇಳಿಸಿ ಎಲ್ಲವನ್ನೂ ಮೇಜಿನ ಮೇಲೆ ತಂದರು. ಹಾಳೆಗಳ ನಡುವೆ ತವರದ ತಗಡು ಸೇರಿಸಿದ ರೈಲ್ವೆ ವೇಳಾಪಟ್ಟಿಯ ಪುಸ್ತಕವೇ ಅವರಿಗೆ ಧ್ರುವೀಕಾರಕವಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಸೊಗಸಾದ ಉಪಕರಣ ಅದೇ.

ಉಪಯೋಗಗಳನ್ನು ಪಟ್ಟಿ ಮಾಡುವ ಬದಲು ಅದೇ ಸ್ಕೇಲನ್ನು ಉದ್ದ ಮಾಡುತ್ತ ಹೋಗುತ್ತೇನೆ. ಬೆಂಗಳೂರಿನ 101.3 ಎಫ್‌ಎಂ ತರಂಗ 2.96 ಮೀಟರ್; ಸೆಟ್ಟಿನ ಎಳೆಯುವ ಏರಿಯಲ್ 74 ಸೆಂ.ಮೀ. ಆದರೆ ಅದರ ಕಾಲುಭಾಗ. ಮನೆಯೊಳಗೆ ಎಫ್‌ಎಂ ಕರಕರ ಎಂದರೆ ಸೆಟ್ಟನ್ನು ಮುಕ್ಕಾಲು ಮೀಟರ್ ಸರಿಸಿ ನೋಡಿ. ಹಪ್ಪಳದ ಮೇಲೆ ಕಂಡ ಬಿಸಿ ಜಾಗ, ತಣ್ಣನೆ ಜಾಗ ಇಲ್ಲೂ ಇವೆ, ಅಂತರ ಮಾತ್ರ ದೊಡ್ಡದು. ಗೌರಿಬಿದನೂರಿನ ರೇಡಿಯೋ ದೂರದರ್ಶಕ ಕೆಲಸ ಮಾಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, 8.7 ಮೀಟರ್ ತರಂಗದಲ್ಲಿ. ಅಷ್ಟು ದೊಡ್ಡ ತರಂಗಕ್ಕೆ ಬಟ್ಟಲಾಕಾರದ ಡಿಷ್ ಸಾಲದು. ಅದಕ್ಕೇ ಅಲ್ಲಿ ಸಾವಿರ ಡೈಪೋಲುಗಳನ್ನು, ಅಂದರೆ ನಮ್ಮ ಲೈಟರಿನಂಥ ಜೋಡಿ ತಂತಿಯ ಆಂಟೆನಾಗಳನ್ನು, 1.4 ಕಿ.ಮೀ. ಉದ್ದದ ‘ಟಿ’ ಆಕಾರದಲ್ಲಿ ನೆಲದ ಮೇಲೆ ಹಾಸಿದರು. ಬ್ಯಾಲಾಳುವಿನಲ್ಲಿ ಚಂದ್ರಯಾನದ ಮಾತು ಕೇಳುವ 32 ಮೀಟರ್ ಡಿಷ್‌ಗೆ ಬರುವುದು ಸೆಂಟಿಮೀಟರುಗಳ ತರಂಗ, ಅಲ್ಲಿ ಡಿಷ್ಷೇ ಸರಿ.

ಕೊನೆಯದು ಮೀಡಿಯಂ ವೇವ್. 612 ಕಿಲೋಹರ್ಟ್ಸ್ ಎಂದರೆ 490 ಮೀಟರ್. ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳುಗಳ ಅಂತರ ಒಂದು ಗೇಣು. ಈ ತರಂಗಕ್ಕೆ ಇಡೀ ಆರ್‌ಸಿಸಿ ಮನೆ ಓವನ್ನಿನ ಜಾಲರಿಯಂತೆ. ಹೀಗಾಗಿ ಒಳಗೆ ಸತ್ತಂತಿರುವ ಸ್ಟೇಷನ್ ತಾರಸಿಗೆ ಹೋದರೆ ಬದುಕುತ್ತದೆ. ನೂರಾರು ಮೀಟರಿನ ಆಂಟೆನಾವನ್ನು ಯಾರೂ ಹೊರುವಂತಿಲ್ಲ, ಆದ್ದರಿಂದ ಸೆಟ್ಟಿನೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಒಂದು ಕಡ್ಡಿಗೆ ತಂತಿ ಸುತ್ತಿ ತರಂಗದ ಕಾಂತೀಯ ಭಾಗವನ್ನು ಹಿಡಿಯುತ್ತಾರೆ. ಬಯಲಿನಲ್ಲಿ, ಹಗಲಲ್ಲಿ, ಸೆಟ್ಟನ್ನು ಅಡ್ಡವಾಗಿ ಹಿಡಿದು ನಿಧಾನ ತಿರುಗಿ. ಒಂದು ಕೋನದಲ್ಲಿ ದನಿ ತಟ್ಟನೆ ಇಂಗುತ್ತದೆ. ಆ ಕ್ಷಣ ಕಡ್ಡಿಯ ತುದಿ ಪ್ರಸಾರ ಗೋಪುರದತ್ತ ಮುಖ ಮಾಡಿದೆ, ಇಲ್ಲವೇ ಅದಕ್ಕೆ ಸರಿಯಾಗಿ ಬೆನ್ನು ಹಾಕಿದೆ. ದನಿ ಜೋರಾಗುವ ಕೋನ ಅಗಲ, ಅದನ್ನು ನಂಬಬೇಡಿ; ಇಂಗುವ ಕೋನ ಕಿರಿದು, ಅದನ್ನೇ ನಕ್ಷೆಯ ಮೇಲೆ ಗೆರೆಯೆಳೆಯಿರಿ. ಎರಡು ಕಿಲೋಮೀಟರ್ ಸರಿದು ಇನ್ನೊಂದು ಗೆರೆ ಎಳೆದರೆ, ಎರಡೂ ಕೂಡುವ ಕಡೆ ಗೋಪುರ. ರಾತ್ರಿ ಮಾಡಿದರೆ ಮೇಲಿನ ವಾತಾವರಣದ ವಿದ್ಯುದಂಶದ ಪದರವಾದ ಅಯಾನುಗೋಲದಿಂದ ಮರಳಿದ ತರಂಗ ಬೆರೆತು ಆ ಕೋನ ಮಸುಕಾಗುತ್ತದೆ.