ಆರು ತಿಂಗಳು ನಿಲ್ಲುವ ಕಾರು: ಕೊಲೊರಾಡೊ ಬೆಟ್ಟದಲ್ಲಿ ನನ್ನ ಅನುಭವ

ನಾವಿರುವುದು ಅಮೆರಿಕದ ಕೊಲೊರಾಡೊದ ಫ್ರಿಸ್ಕೊ ಎಂಬ ಊರಿನಲ್ಲಿ. ಎತ್ತರ 9,000 ಅಡಿಗಿಂತ ಸ್ವಲ್ಪ ಜಾಸ್ತಿ. ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,300 ಅಡಿ, ನಮ್ಮ ಅಡುಗೆಮನೆ ಅದಕ್ಕಿಂತ ಮೇಲಿದೆ. ಅಕ್ಟೋಬರ್‌ನಲ್ಲಿ ಶುರುವಾದ ಸ್ನೋ ಮೇ ತಿಂಗಳಲ್ಲೂ ಬೀಳುತ್ತದೆ. ಜನವರಿ ರಾತ್ರಿಗಳಲ್ಲಿ ಮೈನಸ್ 20 ಡಿಗ್ರಿ ಮಾಮೂಲು. ಇಂಥ ಊರಿನಲ್ಲಿ ನಾನು 2016ರ ಮಾಜ್ದಾ ಮಿಯಾಟಾ ಇಟ್ಟುಕೊಂಡಿದ್ದೇನೆ. ಎರಡೇ ಸೀಟು, ಬಟ್ಟೆಯ ಟಾಪ್, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಕಾರು. ವರ್ಷದಲ್ಲಿ ಅರ್ಧ ಓಡುತ್ತದೆ, ಉಳಿದರ್ಧ ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ನಿಂತಿರುತ್ತದೆ.

ಮೊದಲ ಚಳಿಗಾಲದಲ್ಲಿ ನಾನು ಮಾಡಿದ್ದು ತಪ್ಪು. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುತ್ತಿದ್ದೆ. ಬ್ಯಾಟರಿ ಚಾರ್ಜ್ ಆಗುತ್ತದೆ, ಎಂಜಿನ್ನಿಗೂ ಒಳ್ಳೆಯದು ಅಂದುಕೊಂಡಿದ್ದೆ. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ನಿಂತರೆ ಆ ನೀರು ಸೈಲೆನ್ಸರ್ ಒಳಗೂ ಆಯಿಲ್ ಒಳಗೂ ಉಳಿಯುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿ ಖರ್ಚು ಮಾಡಿದ್ದು ಆ ಹತ್ತು ನಿಮಿಷದಲ್ಲಿ ವಾಪಸ್ ಬರುವುದೂ ಇಲ್ಲ. ಡಿಸೆಂಬರ್‌ನಲ್ಲಿ ಐದು ವಾರ ಊರಿಗೆ, ತೀರ್ಥಹಳ್ಳಿಗೆ, ಹೋಗಿಬಂದೆ. ಬಂದು ನೋಡಿದರೆ ಬ್ಯಾಟರಿ ಹೆಪ್ಪುಗಟ್ಟಿ ಹೊಟ್ಟೆ ಉಬ್ಬಿಸಿಕೊಂಡಿತ್ತು. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದಕ್ಕೆ ಮೈನಸ್ 7ರ ಆಸುಪಾಸೇ ಸಾಕು. ಈಗ ನಿಲ್ಲಿಸಿದ ದಿನವೇ ಬ್ಯಾಟರಿ ಮೇಂಟೇನರ್ ಸಿಕ್ಕಿಸುತ್ತೇನೆ. ಅದು ತಾನೇ ಅಳೆದು, ಬೇಕಾದಷ್ಟೇ ಕರೆಂಟ್ ಕೊಡುತ್ತದೆ. ವಸಂತದವರೆಗೆ ಕೀ ಮುಟ್ಟುವುದಿಲ್ಲ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಒರೆಸಿ ಇಟ್ಟಿದ್ಯೇನೋ?" ಮಲೆನಾಡಿನ ಮಳೆಯಲ್ಲಿ ಯೆಜ್ಡಿ ಓಡಿಸಿದವರು ಅವರು. ಕೊಟ್ಟಿಗೆಗೆ ಬಂದ ಕೂಡಲೇ ಗಾಡಿ ಒರೆಸದೆ ಊಟಕ್ಕೆ ಕೂರುತ್ತಿರಲಿಲ್ಲ. ಬೆಟ್ಟದ ಚಳಿಗಾಲದಲ್ಲೂ ನನಗೆ ಕೊನೆಗೆ ಅರ್ಥವಾದದ್ದು ಅದೇ. ಬರೀ ಚಳಿ ಕಾರಿಗೆ ಅಷ್ಟೇನೂ ಕೆಡುಕು ಮಾಡುವುದಿಲ್ಲ. ಕೆಡಿಸುವುದು ಒದ್ದೆ.

ಇಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಸುರಿಯುತ್ತಾರೆ. ಅದಕ್ಕೆ ಗಾಳಿಯಿಂದ ತೇವ ಹೀರುವ ಗುಣವಿದೆ. ಅದಕ್ಕೇ ಒಮ್ಮೆ ಅಂಟಿಕೊಂಡರೆ ಒಣಗುವುದೇ ಇಲ್ಲ, ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಹಾಗಾಗಿ ಮೊದಲ ಸಲ ದ್ರಾವಣ ಸುರಿಯುವ ಮುಂಚೆಯೇ ಕಾರು ಒಳಗೆ ಹೋಗಬೇಕು. ಅಡಿಭಾಗಕ್ಕೆ ಚೆನ್ನಾಗಿ ನೀರು ಹೊಡೆದು ತೊಳೆಯುತ್ತೇನೆ. ಆಮೇಲೆ ಅರ್ಧ ಮುಕ್ಕಾಲು ಗಂಟೆ ಓಡಿಸಿ ಸಂದುಗೊಂದಿನ ನೀರು ಒಣಗಿಸುತ್ತೇನೆ. ತೊಳೆದು ನೇರ ಗ್ಯಾರೇಜಿಗೆ ತಂದರೆ ತೊಳೆದದ್ದೇ ತಪ್ಪಾಗುತ್ತದೆ.

ನನಗೆ ಇದರಲ್ಲಿ ಹೊಳೆಯದೆ ಹೋಗಿದ್ದ ಒಂದು ಸಂಗತಿ ಇದೆ. ದಿನಬಳಕೆಯ ದೊಡ್ಡ ಕಾರೂ ಅದೇ ಗ್ಯಾರೇಜಿಗೆ ಬರುತ್ತಿತ್ತು. ಅದರ ಚಕ್ರದ ಗೂಡಿನಲ್ಲಿ ಅಂಟಿದ ಕೊಳಕು ಸ್ನೋ ರಾತ್ರಿಯೆಲ್ಲ ಕರಗಿ, ಆ ದ್ರಾವಣದ ನೀರು ಹರಿದು ಮಿಯಾಟಾದ ಕೆಳಗೆ ನಿಲ್ಲುತ್ತಿತ್ತು. ಒಂದು ಸಲವೂ ಚಳಿಗಾಲದ ರಸ್ತೆಗೆ ಇಳಿಯದ ಕಾರಿನ ಬೋಲ್ಟುಗಳಲ್ಲಿ ತುಕ್ಕು ನೋಡಿ ನನಗೆ ಹೊಟ್ಟೆ ಉರಿಯಿತು. ಈಗ ದೊಡ್ಡ ಕಾರಿನ ಕೆಳಗೆ ಅಂಚು ಎತ್ತರವಿರುವ ರಬ್ಬರ್ ಹಾಸು ಹಾಕಿದ್ದೇನೆ, ನೀರು ಅದರಲ್ಲೇ ನಿಲ್ಲುತ್ತದೆ. ಮಿಯಾಟಾಕ್ಕೆ ಗಾಳಿಯಾಡುವ ಬಟ್ಟೆಯ ಹೊದಿಕೆ. ಪ್ಲಾಸ್ಟಿಕ್ ತಾಡಪಾಲು ಬೇಡವೇ ಬೇಡ, ಅದರ ಒಳಗೆ ಬೆವರು ಕಟ್ಟುತ್ತದೆ.

ಟೈರ್ ವಿಷಯ ಸ್ವಲ್ಪ ಸೂಕ್ಷ್ಮ. ನನ್ನವು ಬೇಸಿಗೆ ಟೈರ್. ಇವುಗಳ ರಬ್ಬರ್ ಗಟ್ಟಿ ಚಳಿಗೆ ಗಾಜಿನ ಹಾಗೆ ಪೆಡಸಾಗುತ್ತದೆ. ಆ ಸ್ಥಿತಿಯಲ್ಲಿ ಕಾರು ಉರುಳಿಸಿದರೆ ಬಿರುಕು ಬಿಡಬಹುದು. ಹಾಗಾಗಿ ಚಕ್ರ ಸಮೇತ ಬಿಚ್ಚಿ ಮನೆಯ ನೆಲಮಾಳಿಗೆಗೆ ಸಾಗಿಸುತ್ತೇನೆ. ಕಾರಿಗೆ ಅಗ್ಗದ ಹಳೆಯ ಆಲ್-ಸೀಸನ್ ಚಕ್ರ ಹಾಕಿ ನಿಲ್ಲಿಸುತ್ತೇನೆ. ಅವು ಒಂದೇ ಕಡೆ ಚಪ್ಪಟೆಯಾದರೂ ಚಿಂತೆಯಿಲ್ಲ. ಎರಡನೇ ಸೆಟ್ ಇಲ್ಲದವರು ಗಾಳಿ ಸ್ವಲ್ಪ ಜಾಸ್ತಿ ತುಂಬಿ, ಬೆಚ್ಚನೆ ದಿನ ಬರುವವರೆಗೆ ಕಾರನ್ನು ಕದಲಿಸದಿದ್ದರೆ ಸಾಕು.

ಉಳಿದದ್ದು ಒಂದು ಮಧ್ಯಾಹ್ನದ ಕೆಲಸ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುತ್ತದೆ, ಅದೂ ತೇವ ಹೀರುತ್ತದೆ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ, ಟ್ಯಾಂಕ್ ಭರ್ತಿ ಮಾಡಿ, ಅದು ಎಂಜಿನ್ ತಲುಪುವಷ್ಟು ಓಡಿಸುತ್ತೇನೆ. ಆಯಿಲ್ ನಿಲ್ಲಿಸುವ ಮುಂಚೆ ಬದಲಾಯಿಸುತ್ತೇನೆ, ಹಳೇ ಆಯಿಲಿನ ಆಮ್ಲ ಆರು ತಿಂಗಳು ಬೇರಿಂಗ್ ಮೇಲೆ ಕೂರುವುದು ಬೇಡ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಎಷ್ಟು ಚಳಿ ತಡೆಯುತ್ತದೆ ಎಂದು ಅಳೆದೇ ನೋಡುತ್ತೇನೆ. ಅರ್ಧ ಗ್ಲೈಕಾಲ್ ಅರ್ಧ ನೀರು ಇದ್ದರೆ ಮೈನಸ್ 37ರವರೆಗೆ ಭಯವಿಲ್ಲ. ಆದರೆ ಬೇಸಿಗೆಯಲ್ಲಿ ಸುಮ್ನೆ ನೀರು ಸುರಿದಿದ್ದರೆ ಆ ಲೆಕ್ಕ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಪ್ಯಾಡ್ ಡಿಸ್ಕಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಅಡ್ಡ ಕೊಡುತ್ತೇನೆ. ಬಟ್ಟೆಯ ಟಾಪ್ ಮಡಚಿಡದೆ ಹಾಕಿಯೇ ಇಡುತ್ತೇನೆ.

ಇನ್ನು ಇಲಿ. ಮೊದಲ ವಸಂತದಲ್ಲಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಟಿಶ್ಯೂ ಚೂರು, ಒಣಹುಲ್ಲು, ಸ್ಪಂಜು ಸೇರಿಸಿ ಕಟ್ಟಿದ ಗೂಡು. ಒಂದು ವೈರಿನ ಮೇಲೆ ಹಲ್ಲಿನ ಗುರುತು. ಇಲ್ಲಿನ ಡೀರ್ ಮೌಸ್ ಎಂಬ ಪುಟ್ಟ ಇಲಿಯಿಂದ ಹ್ಯಾಂಟಾ ವೈರಸ್ ಬರಬಹುದು, ಅದು ಶ್ವಾಸಕೋಶಕ್ಕೆ ಬಂದರೆ ಪ್ರಾಣಕ್ಕೇ ಅಪಾಯ. 1993ರಲ್ಲಿ ಕೊಲೊರಾಡೊ ಸೇರಿ ನಾಲ್ಕು ರಾಜ್ಯಗಳು ಕೂಡುವ ಪ್ರದೇಶದಲ್ಲಿ ಈ ರೋಗ ಬೆಳಕಿಗೆ ಬಂತು. ಹಿಕ್ಕೆ ಒಣಗಿ ಧೂಳಾಗಿ ಮೂಗಿಗೆ ಹೋಗುವುದೇ ಅಪಾಯ. ದಯವಿಟ್ಟು ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಕೈಗವಸು ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ. ಐದು ನಿಮಿಷ ನೆನೆದ ಮೇಲೆ ಪೇಪರಿನಿಂದ ಒರೆಸಿ ತೆಗೆಯಿರಿ. ಕಾರಿನ ಬೆಲೆಗಿಂತ ಇದು ಮುಖ್ಯ, ಅಲ್ವಾ?

ಈಗ ಸೈಲೆನ್ಸರ್ ಬಾಯಿಗೂ ಗಾಳಿ ಎಳೆಯುವ ಕೊಳವೆಗೂ ಪಾತ್ರೆ ಉಜ್ಜುವ ನಾರಿನಂಥ ಸ್ಟೀಲ್ ವುಲ್ ತುರುಕುತ್ತೇನೆ. ಕಾರಿನೊಳಗೆ ಒಂದು ಬಿಸ್ಕತ್ತಿನ ಚೂರೂ ಇರಕೂಡದು. ಗೋಡೆಯುದ್ದಕ್ಕೂ ಇಲಿ ಬೋನು ಇಟ್ಟು ವಾರಕ್ಕೊಮ್ಮೆ ನೋಡುತ್ತೇನೆ. ಎಲ್ಲೆಲ್ಲಿ ಏನೇನು ತುರುಕಿದ್ದೇನೆ ಎಂದು ಚೀಟಿ ಬರೆದು ಸ್ಟಿಯರಿಂಗಿಗೆ ಅಂಟಿಸುತ್ತೇನೆ. ಮರೆತು ಸ್ಟಾರ್ಟ್ ಮಾಡಿದರೆ ಆ ನಾರು ಎಂಜಿನ್ ಒಳಗೆ ಹೋದೀತು.

ಹೊರತೆಗೆಯಲು ಆತುರಪಡುವುದಿಲ್ಲ. ಬಿಸಿಲು ಬಂದ ಮಾತ್ರಕ್ಕೆ ರಸ್ತೆ ಶುದ್ಧವಾಗುವುದಿಲ್ಲ. ಒಂದೆರಡು ಒಳ್ಳೆ ಮಳೆ ಬಿದ್ದು ಡಾಂಬರು ತೊಳೆಯಬೇಕು. ಮೇ ಕೊನೆಗೆ 12,095 ಅಡಿ ಎತ್ತರದ ಇಂಡಿಪೆಂಡೆನ್ಸ್ ಪಾಸ್ ರಸ್ತೆ ತೆರೆಯುತ್ತಾರೆ. ಅದರ ಹಿಂದಿನ ಶನಿವಾರ ನೆಲಮಾಳಿಗೆಯಿಂದ ಚಕ್ರ ಹೊತ್ತು ತಂದು, ಚೀಟಿ ನೋಡಿಕೊಂಡು ಒಂದೊಂದೇ ನಾರು ಕಿತ್ತು, ಗಾಳಿ ಅಳೆದು ಹೊರಡುತ್ತೇನೆ. ಮೊದಲ ನಾಲ್ಕೈದು ಸಲ ಬ್ರೇಕ್ ಒತ್ತಿದಾಗ ಡಿಸ್ಕಿನ ತೆಳು ತುಕ್ಕು ಕರಕರ ಅನ್ನುತ್ತದೆ. ಊರು ದಾಟುವ ಹೊತ್ತಿಗೆ ಆ ಸದ್ದು ನಿಂತಿರುತ್ತದೆ. ಟಾಪ್ ತೆರೆಯುವುದು ಆಮೇಲೆಯೇ.