ಹಳೆಯ ಸಣ್ಣ ಹಡಗೋ, ಹೊಸ ದೊಡ್ಡ ಹಡಗೋ: ಕರಾವಳಿಯವರು ಕ್ರೂಸ್ ಆರಿಸಿಕೊಳ್ಳುವ ಬಗೆ

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಅವುಗಳ ಪ್ರಯಾಣಿಕರು ಬೆಳಿಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್ ನೋಡಿಕೊಂಡು ಸಂಜೆಯೊಳಗೆ ಮರಳಿ ಹಡಗು ಹತ್ತುತ್ತಾರೆ. ಅವು ಬಹುಪಾಲು ಇಲ್ಲಿಯವರನ್ನು ಹತ್ತಿಸಿಕೊಳ್ಳಲು ಬರುವ ಹಡಗುಗಳಲ್ಲ. ಆದ್ದರಿಂದ ಮಂಗಳೂರು, ಉಡುಪಿ ಕಡೆಯ ಕುಟುಂಬವೊಂದು ಕ್ರೂಸ್ ಹೋಗಬೇಕೆಂದರೆ ಮುಂಬಯಿ ಅಥವಾ ಕೊಚ್ಚಿಗೆ, ಇಲ್ಲವೇ ಸಿಂಗಾಪುರ, ದುಬೈಗಳಿಗೆ ಹೋಗಿ ಹಡಗು ಹಿಡಿಯಬೇಕಾಗುತ್ತದೆ. ಹಾಗೆ ವಿಚಾರಿಸಲು ಹೊರಟವರ ಮುಂದೆ ಏಜೆಂಟರು ಸಾಮಾನ್ಯವಾಗಿ ಎರಡು ಬಗೆಯ ಹಡಗುಗಳನ್ನು ಇಡುತ್ತಾರೆ: ಕಡಿಮೆ ದರದ, ಹಳೆಯ, ಸಣ್ಣ ಹಡಗು ಒಂದು; ನೀರಾಟದ ಜಾರುಬಂಡೆಗಳಿರುವ, ಹೊಸ, ದೈತ್ಯ ಹಡಗು ಇನ್ನೊಂದು. ದರಪಟ್ಟಿಯನ್ನಷ್ಟೇ ನೋಡಿ ಇವೆರಡರ ನಡುವೆ ತೀರ್ಮಾನಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಗಾತ್ರದ ವಿಷಯ. ಹಡಗಿನ ವಿವರದಲ್ಲಿ ಕಾಣುವ ‘ಗ್ರಾಸ್ ಟನೇಜ್’ ಎಂಬುದು ತೂಕವಲ್ಲ. ಹಡಗಿನ ಒಳಗಿನ ಒಟ್ಟು ಅವಕಾಶದ ಅಳತೆ. ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳತ್ತ ಯಾನ ನಡೆಸಿ ನಮ್ಮವರಿಗೆ ಪರಿಚಿತವಾಗಿರುವ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಅದರ ಟನೇಜ್ ಸುಮಾರು 48,500, ಉದ್ದ 211 ಮೀಟರ್. ಸಿಂಗಾಪುರದಿಂದ ಹೊರಡುವ ‘ಜೆಂಟಿಂಗ್ ಡ್ರೀಮ್’ 2016ರದು. ಟನೇಜ್ ಸುಮಾರು 1,50,700, ಉದ್ದ 335 ಮೀಟರ್. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಎರಡೂವರೆ ಲಕ್ಷ ಟನೇಜಿನ ಹತ್ತಿರವಿದೆ. ಟನೇಜನ್ನು ಕೋಣೆಗಿಬ್ಬರಂತೆ ಲೆಕ್ಕ ಹಾಕಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಜಾಗವೆಂಬುದು ತಿಳಿಯುತ್ತದೆ. ಸುಮಾರು 1,600 ಜನರ ‘ಎಂಪ್ರೆಸ್’ಗೆ ಈ ಅಂಕಿ 30ರ ಆಸುಪಾಸಿನಲ್ಲಿ ಬಂದರೆ, 3,350 ಜನರ ‘ಜೆಂಟಿಂಗ್ ಡ್ರೀಮ್’ಗೆ 45ರಷ್ಟು ಬರುತ್ತದೆ. ಅಂದರೆ ಜನ ಹೆಚ್ಚಾದ ಮಾತ್ರಕ್ಕೆ ಇಕ್ಕಟ್ಟು ಹೆಚ್ಚೆಂದು ತಿಳಿಯಬೇಕಾಗಿಲ್ಲ. ಆದರೆ ಈ ಲೆಕ್ಕದಲ್ಲಿ ರಂಗಮಂದಿರ, ಅಂಗಡಿ ಸಾಲು, ನಡುವಿನ ಎತ್ತರದ ಅಂಗಳಗಳೆಲ್ಲ ಸೇರಿರುತ್ತವೆ ಎಂಬುದನ್ನೂ, ಶಾಲೆಗಳಿಗೆ ರಜೆ ಇರುವ ದಿನಗಳಲ್ಲಿ ಒಂದೇ ಕೋಣೆಗೆ ಮೂರನೆಯ, ನಾಲ್ಕನೆಯ ಹಾಸಿಗೆಗಳು ತುಂಬಿ ಊಟದ ಸಾಲು ಉದ್ದವಾಗುತ್ತದೆ ಎಂಬುದನ್ನೂ ಮರೆಯಬಾರದು.

ನಮ್ಮ ಕಡೆಯವರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು ಹೊಯ್ದಾಟದ ಬಗ್ಗೆ. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದರೂ ದೋಣಿ ಹತ್ತಿದ ಕೂಡಲೇ ತಲೆ ಸುತ್ತುವವರು ಇಲ್ಲಿ ಬೇಕಾದಷ್ಟಿದ್ದಾರೆ. ಉದ್ದವಾದ ಹಡಗು ಒಂದೇ ಅಲೆಯ ಮೇಲೆ ಏರಿ ಇಳಿಯದೆ ಹಲವು ಅಲೆಗಳ ಮೇಲೆ ಹರಡಿಕೊಳ್ಳುವುದರಿಂದ ಮುಂದೆಹಿಂದಿನ ತೂಗಾಟ ಅದರಲ್ಲಿ ಕಡಿಮೆ ಎಂಬುದು ನಿಜ. ಎಡಬಲದ ಹೊಯ್ದಾಟವನ್ನು ತಡೆಯಲು ನೀರಿನೊಳಗೆ ರೆಕ್ಕೆಗಳಂತೆ ಚಾಚುವ ಸ್ಟೆಬಿಲೈಸರ್‌ಗಳು ಹಳೆಯ ಪ್ರವಾಸಿ ಹಡಗುಗಳಲ್ಲಿಯೂ ಇರುತ್ತವೆ. ಇನ್ನೊಂದೆಡೆ, ಹೊಸ ಹಡಗುಗಳು ಹದಿನೆಂಟು, ಇಪ್ಪತ್ತು ಅಂತಸ್ತಿನ ಎತ್ತರವಿರುವುದರಿಂದ ಪಕ್ಕದಿಂದ ಜೋರಾಗಿ ಬೀಸುವ ಗಾಳಿಗೆ ಒಂದು ಕಡೆ ವಾಲುವುದುಂಟು. ಗಾಳಿ ಮಿತಿಮೀರಿದರೆ ಅವು ಕೆಲವು ಬಂದರುಗಳ ಪ್ರವೇಶವನ್ನೇ ಕೈಬಿಡುತ್ತವೆ.

ಆದರೂ ಹಡಗಿನ ಗಾತ್ರಕ್ಕಿಂತ ಕ್ಯಾಬಿನ್ ಇರುವ ಜಾಗ ಮತ್ತು ಹೊರಡುವ ತಿಂಗಳು ಹೆಚ್ಚು ಮುಖ್ಯ. ಸಣ್ಣ ಹಡಗಿನ ಕೆಳ ಅಂತಸ್ತಿನ ನಟ್ಟನಡುವಿನ ಕೋಣೆಯಲ್ಲಿ ಮಲಗಿದವರು, ದೊಡ್ಡ ಹಡಗಿನ ಮೇಲಂತಸ್ತಿನ ತೀರಾ ಮುಂಭಾಗದಲ್ಲಿ ಬಾಲ್ಕನಿ ಕೋಣೆ ಹಿಡಿದವರಿಗಿಂತ ನೆಮ್ಮದಿಯಾಗಿ ನಿದ್ರಿಸಬಹುದು. ತಿಂಗಳಿನ ವಿಷಯವನ್ನು ಮಲ್ಪೆಯವರಿಗಾಗಲಿ ಗಂಗೊಳ್ಳಿಯವರಿಗಾಗಲಿ ಹೇಳಿಕೊಡಬೇಕಾಗಿಲ್ಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಅರಬ್ಬೀ ಸಮುದ್ರದಲ್ಲಿ ವಿಹಾರಕ್ಕೆ ಹೋಗುವ ಯೋಚನೆಯನ್ನೇ ಬಿಡಬೇಕು. ನವೆಂಬರಿನಿಂದ ಮಾರ್ಚಿನವರೆಗಿನ ಶಾಂತ ಕಡಲಿನಲ್ಲಿ ಹಳೆಯ ಸಣ್ಣ ಹಡಗೂ ಸಾಮಾನ್ಯವಾಗಿ ಯಾರನ್ನೂ ಅಷ್ಟಾಗಿ ಕಾಡುವುದಿಲ್ಲ.

ಇನ್ನು ವಯಸ್ಸು. ಹಡಗಿನ ಹೆಸರನ್ನು ನಂಬಿ ವಯಸ್ಸನ್ನು ಅಂದಾಜು ಮಾಡಬಾರದು, ಏಕೆಂದರೆ ಮಾಲೀಕರು ಬದಲಾದಂತೆ ಹೆಸರೂ ಬದಲಾಗುತ್ತದೆ. ಮೇಲೆ ಹೇಳಿದ ‘ಎಂಪ್ರೆಸ್’ ಹುಟ್ಟಿದಾಗ ‘ನಾರ್ಡಿಕ್ ಎಂಪ್ರೆಸ್’ ಆಗಿತ್ತು, ಆಮೇಲೆ ‘ಎಂಪ್ರೆಸ್ ಆಫ್ ದ ಸೀಸ್’ ಆಯಿತು. ಬದಲಾಗದೆ ಉಳಿಯುವುದು ಹಡಗಿನ ಗುರುತಿಗೆಂದು ಕೊಟ್ಟಿರುವ, ಏಳು ಅಂಕಿಗಳ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಮಾತ್ರ. ಅದನ್ನು ಏಜೆಂಟರಿಂದ ಕೇಳಿ ಪಡೆದು, ಈಕ್ವಾಸಿಸ್ ಎಂಬ ಉಚಿತ ಜಾಲತಾಣದಲ್ಲಿ ಹುಡುಕಿದರೆ ಕಟ್ಟಿದ ವರ್ಷವೂ, ಬೇರೆ ಬೇರೆ ದೇಶಗಳ ಬಂದರು ಅಧಿಕಾರಿಗಳು ನಡೆಸಿದ ತಪಾಸಣೆಗಳ ವಿವರವೂ ಸಿಗುತ್ತವೆ. ಪ್ರಯಾಣಿಕ ಹಡಗಿನ ಸುರಕ್ಷತಾ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಐದು ವರ್ಷಕ್ಕೊಮ್ಮೆ ಹಡಗಿನ ಒಡಲು, ಯಂತ್ರಗಳ ಸಮಗ್ರ ಪರಿಶೀಲನೆ ನಡೆಯಬೇಕು. ಹೀಗಾಗಿ ಹಳೆಯದೆಂಬ ಒಂದೇ ಕಾರಣಕ್ಕೆ ಹಡಗನ್ನು ಅಪಾಯಕಾರಿ ಎನ್ನಲಾಗದು.

ಆದರೆ ಒಂದು ನಿಜವಾದ ವ್ಯತ್ಯಾಸವಿದೆ, ಅದನ್ನು ಏಜೆಂಟರು ಹೇಳುವುದು ಅಪರೂಪ. 2010ರ ಜುಲೈ 1ರಂದು ಅಥವಾ ಆಮೇಲೆ ನಿರ್ಮಾಣ ಆರಂಭವಾದ, 120 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಉದ್ದದ ಪ್ರಯಾಣಿಕ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮವೊಂದು ಅನ್ವಯಿಸುತ್ತದೆ: ಬೆಂಕಿಯೋ ನೀರು ನುಗ್ಗುವಿಕೆಯೋ ನಿಗದಿತ ಮಿತಿಯೊಳಗೆ ಸಂಭವಿಸಿದರೆ, ಉಳಿದ ಯಂತ್ರಗಳ ಬಲದಿಂದಲೇ ಹಡಗು ಬಂದರಿಗೆ ಮರಳಬಲ್ಲದಾಗಿರಬೇಕು, ಪ್ರಯಾಣಿಕರಿಗೆ ನೀರು, ಆಹಾರ, ಶೌಚಾಲಯ, ಬೆಳಕು ಸಿಗುತ್ತಿರಬೇಕು. ಅದಕ್ಕೂ ಮೊದಲಿನ ಹಡಗುಗಳಿಗೆ ಈ ಕಟ್ಟುಪಾಡಿಲ್ಲ. 1999ರ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಎಂಜಿನ್ ಕೋಣೆಯಲ್ಲಿ 2013ರ ಫೆಬ್ರವರಿಯಲ್ಲಿ ಬೆಂಕಿ ಹೊತ್ತಿಕೊಂಡಾಗ, ವಿದ್ಯುತ್ ಕಳೆದುಕೊಂಡ ಹಡಗನ್ನು ಮೆಕ್ಸಿಕೋ ಕೊಲ್ಲಿಯಿಂದ ಟಗ್‌ಗಳು ಎಳೆದು ದಡ ಸೇರಿಸಬೇಕಾಯಿತು. ಅಷ್ಟರವರೆಗೆ ಸಾವಿರಾರು ಪ್ರಯಾಣಿಕರು ಕೆಲಸ ಮಾಡದ ಶೌಚಾಲಯಗಳೊಂದಿಗೆ ದಿನ ದೂಡಿದರು. ದಡದಿಂದ ಹೆಚ್ಚು ದೂರ ಹೋಗದ ಮೂರು ರಾತ್ರಿಗಳ ಯಾನಕ್ಕೆ ಇದನ್ನು ದೊಡ್ಡ ವಿಷಯವೆಂದು ನಾನು ಎಣಿಸುವುದಿಲ್ಲ. ಹತ್ತು, ಹನ್ನೆರಡು ದಿನ ತೆರೆದ ಸಾಗರದಲ್ಲಿ ಸಾಗುವುದಾದರೆ ಖಂಡಿತ ಎಣಿಸುತ್ತೇನೆ.

ದಿನನಿತ್ಯದ ಸುಖಕ್ಕೆ ಬಂದರೆ, ಕಟ್ಟಿದ ವರ್ಷಕ್ಕಿಂತ ಕಡೆಯ ಬಾರಿ ಒಳಾಂಗಣ ನವೀಕರಿಸಿದ ವರ್ಷವನ್ನು ಕೇಳಬೇಕು. ಹಳೆಯ ಹಡಗಿನ ದೂರುಗಳು ಸಾಮಾನ್ಯವಾಗಿ ಒಂದೇ ಬಗೆಯವು: ಎಸಿ ಒಂದು ಕೋಣೆಯಲ್ಲಿ ಕೊರೆಯುತ್ತದೆ, ಇನ್ನೊಂದರಲ್ಲಿ ತಣ್ಣಗಾಗುವುದೇ ಇಲ್ಲ, ಶೌಚಾಲಯದ ಕೊಳವೆ ಕಟ್ಟಿಕೊಳ್ಳುತ್ತದೆ, ಹಿಂಭಾಗದ ಕೆಳ ಅಂತಸ್ತಿನಲ್ಲಿ ಪ್ರೊಪೆಲರಿನ ಅದುರು ಹಾಸಿಗೆಗೂ ತಟ್ಟುತ್ತದೆ. ಈ ವಿಚಾರದಲ್ಲಿ ನಮಗಿರುವ ಅನುಕೂಲ ಬೇರೆ ಊರಿನವರಿಗೆ ಸುಲಭವಾಗಿ ಸಿಗದು. ಮಂಗಳೂರು, ಉಡುಪಿಯ ಹಲವು ಬೀದಿಗಳಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ‘ಶಿಪ್ಪಿಗೆ ಹೋಗುವ’ ಹುಡುಗರಿದ್ದಾರೆ. ರಜೆಯ ಮೇಲೆ ಊರಿಗೆ ಬಂದಿರುವ ಅಂಥ ಒಬ್ಬರನ್ನು ಕಂಡು ಹಡಗಿನ ಹೆಸರು ಹೇಳಿದರೆ, ಅಲ್ಲಿ ದುಡಿದಿರುವ ಗೆಳೆಯರ ಮೂಲಕವಾದರೂ ಅಡುಗೆಮನೆಯ ಶುಚಿತ್ವದಿಂದ ಲಿಫ್ಟಿನ ಸ್ಥಿತಿಯವರೆಗೆ ವಿವರ ಸಿಗುತ್ತದೆ. ಯಾವ ಜಾಹೀರಾತಿಗಿಂತಲೂ ಆ ಮಾತು ಹೆಚ್ಚು ಬೆಲೆಯುಳ್ಳದ್ದು.

ಸಣ್ಣ ಹಡಗಿಗೆ ಇರುವ ದೊಡ್ಡ ಗುಣವೆಂದರೆ ಅದು ಹೋಗಬಲ್ಲ ಜಾಗಗಳು. 2021ರ ಆಗಸ್ಟಿನಿಂದ ವೆನಿಸ್ ನಗರದ ನಡುವಿನ ಕಾಲುವೆಗೆ 25,000 ಟನೇಜ್ ಮೀರಿದ ಹಡಗುಗಳು ಬರುವಂತಿಲ್ಲ. ದೊಡ್ಡ ಹಡಗುಗಳು ಕಟ್ಟೆಗೆ ತಾಗುವಷ್ಟು ಆಳವಿಲ್ಲದ ಎಷ್ಟೋ ಬಂದರುಗಳಲ್ಲಿ ಸಣ್ಣವು ಊರಿನ ಬಾಗಿಲಿಗೇ ಬರುತ್ತವೆ. ಲಕ್ಷದ್ವೀಪದಲ್ಲಿ ಮಾತ್ರ ಈ ಲೆಕ್ಕ ನಡೆಯದು. ಅಲ್ಲಿ ಪ್ರವಾಸಿ ಹಡಗು ಹೊರಗಡೆಯೇ ನಿಂತು, ಜನರು ದೋಣಿಗೆ ಇಳಿದು ದ್ವೀಪ ಸೇರಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಅಲೆಯ ಮೇಲೆ ದೋಣಿ ಹತ್ತಿಳಿಯುವ ಪಾಡು ಗೊತ್ತು. ಮಂಡಿನೋವಿರುವ ಹಿರಿಯರೊಂದಿಗೆ ಹೋಗುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹವಾಮಾನ ಕೆಟ್ಟರೆ ಆ ಇಳಿಯುವಿಕೆ ರದ್ದಾಗುವುದೂ ಉಂಟು.

ಹಿರಿಯರಿಗೆ ಸಣ್ಣ ಹಡಗು ಒಗ್ಗುತ್ತದೆ. ಊಟದ ಮನೆ, ಕೋಣೆ, ಡೆಕ್ ಎಲ್ಲವೂ ಹತ್ತಿರದಲ್ಲಿದ್ದು ದಾರಿ ತಪ್ಪುವ ಭಯವಿಲ್ಲ, ಮರುದಿನವೇ ಸಿಬ್ಬಂದಿ ಮುಖ ಗುರುತಿಸುತ್ತಾರೆ. ಆದರೆ ಹಳೆಯ ಹಡಗುಗಳಲ್ಲಿ ಸ್ನಾನದ ಕೋಣೆಗೆ ಎತ್ತರದ ಹೊಸ್ತಿಲಿರುವುದುಂಟು, ಬಾಲ್ಕನಿ ಕೋಣೆಗಳು ತೀರಾ ಕಡಿಮೆ. ಎಂಟರಿಂದ ಹದಿನಾರು ವರ್ಷದ ಮಕ್ಕಳಿರುವ ಕುಟುಂಬ ಹೆಚ್ಚು ಯೋಚಿಸದೆ ದೊಡ್ಡ ಹೊಸ ಹಡಗನ್ನು ಹಿಡಿಯಬಹುದು. ಆದರೆ ಎರಡೇ ರಾತ್ರಿಗಳಿಗೆ ಅದನ್ನು ಹಿಡಿದರೆ ಹಡಗಿನ ದಾರಿಗಳು ಪರಿಚಯವಾಗುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇಕಾದವರು ‘ಜೈನ್ ಊಟ’ ಎಂದು ಬುಕಿಂಗ್ ಸಮಯದಲ್ಲೇ ಬರೆಸಬೇಕು. ಭಾರತೀಯರು ಹೆಚ್ಚಾಗಿ ಹೋಗುವ ಹಡಗುಗಳಲ್ಲಿ ಇದು ಗಾತ್ರದ ಪ್ರಶ್ನೆಯೇ ಅಲ್ಲ.

ಹಳೆಯ ಸಣ್ಣ ಹಡಗೂ ಹೊಸ ದೊಡ್ಡ ಹಡಗೂ ಒಪ್ಪಿಗೆಯಾಗದವರು 2000ದಿಂದ 2010ರ ನಡುವೆ ಕಟ್ಟಿದ, ಒಂದು ಲಕ್ಷ ಟನೇಜಿನ ಆಸುಪಾಸಿನ ಹಡಗುಗಳನ್ನು ನೋಡಬಹುದು. ಬಾಲ್ಕನಿಗಳು ಸಾಕಷ್ಟಿರುತ್ತವೆ, ದರ ಹೊಸವುಗಳಷ್ಟು ಏರಿರುವುದಿಲ್ಲ. ಏಜೆಂಟರು ತಾವಾಗಿ ಇವನ್ನು ಮುಂದಿಡುವುದಿಲ್ಲ, ಕೇಳಬೇಕು.

ದರವನ್ನು ಹೋಲಿಸುವಾಗ ಬಂದರು ಶುಲ್ಕ, ತೆರಿಗೆ, ತಲೆಗೆ ದಿನಕ್ಕಿಷ್ಟೆಂದು ಹಿಡಿಯುವ ಸೇವಾಶುಲ್ಕ, ವೈಫೈ ಎಲ್ಲವನ್ನೂ ಸೇರಿಸಿಯೇ ಹೋಲಿಸಬೇಕು. ದೊಡ್ಡ ಹಡಗಿನಲ್ಲಿ ಹೆಚ್ಚುವರಿ ಹಣ ಕೇಳುವ ಉಪಾಹಾರಗೃಹಗಳೂ ಆಟಗಳೂ ಹೆಚ್ಚು. ಊರಿನಿಂದ ಬಂದರಿಗೆ ಹೋಗುವ ಖರ್ಚನ್ನೂ ಕೂಡಿಸಿ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಮುಂಬಯಿಗೆ ಹೋಗುವವರು ಹಡಗು ಹೊರಡುವ ಹಿಂದಿನ ದಿನವೇ ತಲುಪಿ ಒಂದು ರಾತ್ರಿ ತಂಗುವುದು ಕ್ಷೇಮ, ಏಕೆಂದರೆ ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ.

ಹಣ ಕಟ್ಟುವ ಮೊದಲು ಹಡಗಿನ ಅಂತಸ್ತುಗಳ ನಕ್ಷೆಯನ್ನು ತರಿಸಿಕೊಂಡು ನಿಮ್ಮ ಕ್ಯಾಬಿನ್ನಿನ ಮೇಲೆ, ಕೆಳಗೆ ಏನಿದೆಯೆಂದು ನೋಡಿರಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿಗಳನ್ನು ಎಳೆಯುವ ಸದ್ದು ಕೇಳಿಸುತ್ತದೆ. ಕೆಳಗೆ ಡಿಸ್ಕೋ ಇದ್ದರೆ ರಾತ್ರಿ ಎರಡಾದರೂ ನಿದ್ರೆಯಿಲ್ಲ. ಮೇಲೂ ಕೆಳಗೂ ಬರೀ ಕ್ಯಾಬಿನ್ನುಗಳಿರುವ, ಹಡಗಿನ ನಡುಭಾಗದ ಕೋಣೆಯ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿರಿ. ಕೋಣೆಯನ್ನು ಆಮೇಲೆ ತಿಳಿಸುತ್ತೇವೆ ಎನ್ನುವ ಅಗ್ಗದ ಟಿಕೆಟನ್ನು, ಸದ್ದಿಗೂ ಅಲುಗಾಟಕ್ಕೂ ನಿದ್ದೆ ಕೆಡದವರು ಮಾತ್ರ ಕೊಳ್ಳಬಹುದು.