ಲೋಕ ಅದಾಲತ್‌ನಲ್ಲಿ ರಾಜಿ: ಅರ್ಜಿಯಿಂದ ಅಮಲ್ಜಾರಿಯವರೆಗೆ

ವರ್ಷದಲ್ಲಿ ಸಾಮಾನ್ಯವಾಗಿ ನಾಲ್ಕು ಬಾರಿ, ಹೆಚ್ಚಾಗಿ ಎರಡನೇ ಶನಿವಾರದಂದು, ತಾಲ್ಲೂಕು ನ್ಯಾಯಾಲಯದಿಂದ ಹೈಕೋರ್ಟ್‌ವರೆಗೆ ತಕರಾರುಗಳನ್ನು ಎರಡೂ ಕಡೆಯವರ ರಾಜಿಯಿಂದ ಮುಗಿಸುವ ರಾಷ್ಟ್ರೀಯ ಲೋಕ ಅದಾಲತ್ ನಡೆಯುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಇತ್ಯರ್ಥವಾದ ಪ್ರಕರಣಗಳ ಸಂಖ್ಯೆಯೂ, ಮತ್ತೆ ಒಂದಾದ ದಂಪತಿ ಹಾರ ಬದಲಾಯಿಸಿಕೊಳ್ಳುವ ಚಿತ್ರವೂ ಅಚ್ಚಾಗುತ್ತವೆ. ಆದರೆ ಸ್ವಂತ ಪ್ರಕರಣವನ್ನು ಅಲ್ಲಿಗೆ ಒಯ್ಯಬೇಕೆಂದಿರುವ ಕಕ್ಷಿದಾರರಿಗೆ ಬೇಕಾದ ಮಾಹಿತಿ ಈ ವರದಿಗಳಲ್ಲಿ ಸಿಗುವುದಿಲ್ಲ. ಅರ್ಜಿಯನ್ನು ಯಾರಿಗೆ ಕೊಡಬೇಕು, ಏನನ್ನು ಸಿದ್ಧಪಡಿಸಿಕೊಳ್ಳಬೇಕು, ರಾಜಿ ಅರ್ಜಿಯಲ್ಲಿ ಏನು ಇರಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಲೋಕ ಅದಾಲತ್‌ನ ಆದೇಶದ ಮೇಲೆ ಮೇಲ್ಮನವಿ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನ ಪ್ರಕಾರ ಆ ಆದೇಶವು ಸಿವಿಲ್ ನ್ಯಾಯಾಲಯದ ಡಿಕ್ರಿಗೆ (ಜಾರಿ ಮಾಡಿಸಬಹುದಾದ ತೀರ್ಪಿಗೆ) ಸಮ. ಅದು ಅಂತಿಮ ಮತ್ತು ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ಮೋಸದಿಂದ ಸಹಿ ಪಡೆದಂತಹ ಕೆಲವೇ ಕಾರಣಗಳಿಗೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಸಲ್ಲಿಸಬಹುದೇ ಹೊರತು, ‘ಆಗ ಒಪ್ಪಿದ್ದೆ, ಈಗ ಕಡಿಮೆಯಾಯಿತು ಅನಿಸುತ್ತಿದೆ’ ಎಂಬ ಅಳಲಿಗೆ ಎಲ್ಲಿಯೂ ಜಾಗವಿಲ್ಲ. ಆದ್ದರಿಂದ ವಹಿಸಬೇಕಾದ ಎಚ್ಚರವನ್ನೆಲ್ಲ ಸಹಿಗೆ ಮುಂಚೆಯೇ ವಹಿಸಬೇಕು.

ಯಾವ ಪ್ರಕರಣ ಹೋಗಬಹುದು

ಲೋಕ ಅದಾಲತ್ ಪೀಠಕ್ಕೆ ತೀರ್ಪು ಕೊಡುವ ಅಧಿಕಾರವಿಲ್ಲ. ನ್ಯಾಯಾಧೀಶರೇ ಪೀಠದಲ್ಲಿ ಕುಳಿತಿದ್ದರೂ ಆ ದಿನ ಅವರು ಸಂಧಾನಕಾರರು ಮಾತ್ರ. ಪಂಜಾಬಿನ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಎರಡೂ ಕಡೆಯವರ ಒಪ್ಪಿಗೆಯಿಲ್ಲದೆ ಲೋಕ ಅದಾಲತ್ ಪರಿಹಾರದ ಮೊತ್ತವನ್ನು ಏರಿಸಿದ್ದಾಗ, ಅದು ಲೋಕ ಅದಾಲತ್‌ನ ಆದೇಶವೇ ಅಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಎದುರು ಪಕ್ಷದವರಿಗೆ ಕೊಟ್ಟು ತೆಗೆದುಕೊಳ್ಳುವ ಮನಸ್ಸು ಸ್ವಲ್ಪವೂ ಇಲ್ಲದಿದ್ದರೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ.

ಹಣ ವಸೂಲಿ, ಚೆಕ್ ಬೌನ್ಸ್, ಮೋಟಾರು ವಾಹನ ಅಪಘಾತ ಪರಿಹಾರ, ಬ್ಯಾಂಕ್ ಸಾಲ, ಆಸ್ತಿ ವಿಭಾಗ, ಭೂಸ್ವಾಧೀನ ಪರಿಹಾರ, ಕಾರ್ಮಿಕ ವಿವಾದ, ಜೀವನಾಂಶ ಮತ್ತಿತರ ಕೌಟುಂಬಿಕ ತಕರಾರುಗಳು ಇಲ್ಲಿಗೆ ಬರುತ್ತವೆ. ಕೌಟುಂಬಿಕ ಪ್ರಕರಣಗಳಲ್ಲಿ ವಿಚ್ಛೇದನವನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಕ್ರಿಮಿನಲ್ ಪ್ರಕರಣಗಳ ಪೈಕಿ ಕಾನೂನಿನಂತೆ ರಾಜಿಗೆ ಅವಕಾಶವಿರುವ ಅಪರಾಧಗಳು ಮಾತ್ರ ಬರಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮಿನಲ್ಲಿದ್ದ ಅವುಗಳ ಪಟ್ಟಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿದೆ. ಕರ್ನಾಟಕದಲ್ಲಿ 2023ರ ಫೆಬ್ರುವರಿಯ ಅದಾಲತ್ ಸಂದರ್ಭದಲ್ಲಿ ಸಂಚಾರ ನಿಯಮ ಉಲ್ಲಂಘನೆಯ ಬಾಕಿ ದಂಡಕ್ಕೆ ಶೇ. 50ರ ರಿಯಾಯಿತಿ ಕೊಟ್ಟ ಮೇಲೆ ಲೋಕ ಅದಾಲತ್ ಎಂದರೆ ರಿಯಾಯಿತಿ ಮೇಳ ಎಂದು ಭಾವಿಸಿದವರೂ ಇದ್ದಾರೆ. ಅದು ಸರ್ಕಾರ ಪ್ರತ್ಯೇಕ ಆದೇಶದ ಮೂಲಕ ಕೊಟ್ಟ ಸೌಲಭ್ಯವಾಗಿತ್ತು, ಪ್ರತಿ ಅದಾಲತ್‌ನಲ್ಲಿಯೂ ಸಿಗುವ ಹಕ್ಕಲ್ಲ.

ಅರ್ಜಿ ಸಲ್ಲಿಸುವುದು

ಪ್ರಕರಣ ಈಗಾಗಲೇ ನ್ಯಾಯಾಲಯದಲ್ಲಿದ್ದರೆ ಅದೇ ನ್ಯಾಯಾಲಯದಲ್ಲಿ, ವಕೀಲರ ಮೂಲಕವಾಗಲಿ ಸ್ವತಃ ಆಗಲಿ, ಪ್ರಕರಣವನ್ನು ಲೋಕ ಅದಾಲತ್‌ಗೆ ಕಳುಹಿಸುವಂತೆ ಕೋರಬೇಕು. ಇಬ್ಬರೂ ಸೇರಿ ಕೇಳಬಹುದು, ಒಬ್ಬರೇ ಕೇಳಬಹುದು, ರಾಜಿಗೆ ಅವಕಾಶವಿದೆ ಎಂದು ಕಂಡರೆ ನ್ಯಾಯಾಲಯ ತಾನಾಗಿಯೇ ಕಳುಹಿಸಬಹುದು. ಒಬ್ಬರೇ ಕೇಳಿದ್ದರೆ ಅಥವಾ ನ್ಯಾಯಾಲಯ ತಾನಾಗಿ ಕಳುಹಿಸುವುದಿದ್ದರೆ ಅದಕ್ಕೆ ಮೊದಲು ಕಕ್ಷಿದಾರರ ಮಾತನ್ನು ಕೇಳಲೇಬೇಕು.

ಇನ್ನೂ ದಾವೆ ಹೂಡದ ತಕರಾರಿಗೆ ವ್ಯಾಜ್ಯಪೂರ್ವ ಪ್ರಕರಣವೆಂದು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಎರಡೂ ಕಚೇರಿಗಳು ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತವೆ, ಇದಕ್ಕೆ ಶುಲ್ಕವೂ ಇಲ್ಲ. ಬಿಳಿ ಹಾಳೆಯಲ್ಲಿ ಎರಡೂ ಕಡೆಯವರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ತಕರಾರಿನ ಸಾರಾಂಶ ಮತ್ತು ನಿಮ್ಮ ಕೋರಿಕೆಯನ್ನು ಬರೆದು ದಾಖಲೆಗಳ ನಕಲನ್ನು ಲಗತ್ತಿಸಿದರೆ ಸಾಕು. ಎದುರು ಪಕ್ಷದವರಿಗೆ ಪ್ರಾಧಿಕಾರವೇ ನೋಟಿಸ್ ಕಳುಹಿಸುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 15100 ಸಂಖ್ಯೆಗೆ ಕರೆ ಮಾಡಬಹುದು. ಬೆಂಗಳೂರಿನಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದೆ.

ಇಲ್ಲಿ ಹಲವರು ಎಡವುವುದು ಕಾಲಮಿತಿಯ ವಿಷಯದಲ್ಲಿ. ವ್ಯಾಜ್ಯಪೂರ್ವ ಅರ್ಜಿ ಕೊಟ್ಟಿದ್ದೇನೆ, ಇನ್ನು ದಾವೆಯ ಗಡುವು ನಿಂತಿರುತ್ತದೆ ಎಂದು ನಂಬಿ ಕೂರಬಾರದು. ಸಾಲ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ಮಿತಿಯಿದೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ನಂತರದ ಒಂದು ತಿಂಗಳಲ್ಲಿ ದೂರು ದಾಖಲಿಸಬೇಕು. ಎದುರಿನವರು ‘ಮುಂದಿನ ಅದಾಲತ್‌ನಲ್ಲಿ ನೋಡೋಣ’ ಎನ್ನುತ್ತ ದಿನ ದೂಡುತ್ತಿದ್ದರೆ ಮೊದಲು ದೂರು ಅಥವಾ ದಾವೆ ದಾಖಲಿಸಿ, ರಾಜಿಯ ಮಾತನ್ನು ಆಮೇಲೆ ಆಡುವುದು ಕ್ಷೇಮ.

ಮನೆಯಲ್ಲಿ ಮಾಡಬೇಕಾದ ಲೆಕ್ಕ

ಶನಿವಾರದ ದಿನ ಒಂದೊಂದು ಪೀಠದ ಮುಂದೆ ಹತ್ತಾರು ಕಡತಗಳಿರುತ್ತವೆ. ಅಲ್ಲಿಯೇ ಮೊದಲ ಬಾರಿ ಮಾತುಕತೆ ಆರಂಭಿಸುತ್ತೇವೆ ಎಂದರೆ ಸಿಗುವುದು ಕೆಲವೇ ನಿಮಿಷ. ನಿಜವಾದ ಮಾತುಕತೆ ನಡೆಯುವುದು ಅದಕ್ಕೆ ಹಿಂದಿನ ವಾರಗಳಲ್ಲಿ ನ್ಯಾಯಾಲಯಗಳು ಕರೆಯುವ ಪೂರ್ವಭಾವಿ ಬೈಠಕ್‌ಗಳಲ್ಲಿ. ಅವುಗಳನ್ನು ತಪ್ಪಿಸಬೇಡಿ.

ಬೈಠಕ್‌ಗೆ ಹೋಗುವ ಮುನ್ನ ಪ್ರಕರಣ ಗೆದ್ದರೆ ಎಷ್ಟು ಸಿಗಬಹುದು, ಎಷ್ಟು ಕಾಲ ಹಿಡಿಯಬಹುದು, ಎಷ್ಟಕ್ಕಿಂತ ಕೆಳಗೆ ಇಳಿಯಲಾಗದು ಎಂಬುದನ್ನು ವಕೀಲರೊಂದಿಗೆ ಕುಳಿತು ಕಾಗದದ ಮೇಲೆ ಬರೆದುಕೊಳ್ಳಬೇಕು. ಅಪಘಾತ ಪರಿಹಾರದ ಒಂದು ಉದಾಹರಣೆಯನ್ನು ನೋಡೋಣ. ನ್ಯಾಯಮಂಡಳಿಯಲ್ಲಿ ಸುಮಾರು 8,00,000 ರೂಪಾಯಿ ಸಿಗಬಹುದೆಂದು ನಿಮ್ಮ ವಕೀಲರ ಅಂದಾಜು, ಅರ್ಜಿ ಹಾಕಿ 3 ವರ್ಷವಾಗಿದೆ ಎಂದುಕೊಳ್ಳಿ. ವಿಮಾ ಕಂಪನಿಯ ಅಧಿಕಾರಿ 8,50,000 ಕೊಡುತ್ತೇವೆ ಎಂದಾಗ ಅಂದಾಜಿಗಿಂತ ಹೆಚ್ಚೇ ಬಂತೆಂದು ತೋರುತ್ತದೆ. ಆದರೆ ಅವರು ಹೇಳುತ್ತಿರುವುದು ಬಡ್ಡಿಯೂ ಸೇರಿದ ಒಟ್ಟು ಮೊತ್ತ. ಶೇ. 6ರ ಬಡ್ಡಿ ಸಿಕ್ಕರೂ 3 ವರ್ಷಕ್ಕೆ 1,44,000 ಆಗುತ್ತದೆ, ಎಂದರೆ ಹೋಲಿಸಬೇಕಾದ ಮೊತ್ತ 9,44,000. ಹಾಗೆಂದು 8,50,000 ಒಪ್ಪಬಾರದೆಂದಲ್ಲ. ತೀರ್ಪಿನ ನಂತರ ಕಂಪನಿ ಹೈಕೋರ್ಟ್‌ಗೆ ಹೋದರೆ ಹಣ ಕೈಸೇರುವುದು ಇನ್ನೆಷ್ಟು ವರ್ಷಕ್ಕೋ, ಮನೆಯಲ್ಲಿ ದುಡಿಯುತ್ತಿದ್ದವರೇ ತೀರಿಕೊಂಡಿದ್ದರೆ ಈ 94,000ಕ್ಕಿಂತ ಇಂದಿನ ನಗದೇ ದೊಡ್ಡದಾಗಬಹುದು. ಬಿಟ್ಟುಕೊಡುವುದಿದ್ದರೆ ಎಷ್ಟು ಬಿಡುತ್ತಿದ್ದೇವೆಂದು ತಿಳಿದು ಬಿಡಬೇಕು, ಅಷ್ಟೆ. ಪರಿಹಾರದಲ್ಲಿ ಅಪ್ರಾಪ್ತ ಮಕ್ಕಳ ಪಾಲಿದ್ದರೆ ರಾಜಿಗೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ, ಅವರ ಹಣವನ್ನು ಸಾಮಾನ್ಯವಾಗಿ ಠೇವಣಿಯಲ್ಲಿ ಇಡಿಸುತ್ತಾರೆ.

ಎದುರಿಗೆ ಬ್ಯಾಂಕ್, ವಿಮಾ ಕಂಪನಿ ಅಥವಾ ಸರ್ಕಾರಿ ಇಲಾಖೆ ಇದ್ದರೆ, ಬರುವ ಅಧಿಕಾರಿಗೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ‘ಮೇಲಿನವರನ್ನು ಕೇಳಿ ಹೇಳುತ್ತೇನೆ’ ಎನ್ನುವ ಅಧಿಕಾರಿಯೊಂದಿಗೆ ಕುಳಿತು ಆಗುವುದೇನೂ ಇಲ್ಲ.

ಹೊಲದ ವಿಭಾಗವಾದರೆ ಲೆಕ್ಕ ಹಣದ್ದಲ್ಲ, ನಕ್ಷೆಯದ್ದು. 2 ಎಕರೆ 10 ಗುಂಟೆ ಜಮೀನಿನಲ್ಲಿ ಮೂವರಿಗೆ ಸಮಪಾಲು ಎಂದರೆ ತಲಾ 30 ಗುಂಟೆ, ಇದರಲ್ಲಿ ಜಗಳವಿಲ್ಲ. ಜಗಳವಿರುವುದು ಯಾರ 30 ಗುಂಟೆ ರಸ್ತೆಯ ಬದಿಗೆ, ಹಿಂದಿನ ಪಾಲಿನವನ ಗಾಡಿ ದಾರಿ ಎಲ್ಲಿ, ಕೊಳವೆಬಾವಿಯ ನೀರು ಯಾರಿಗೆ ಎಷ್ಟು ದಿನ ಎಂಬುದರಲ್ಲಿ. ಸಾಧ್ಯವಾದರೆ ಭೂಮಾಪಕರಿಂದ ನಕ್ಷೆ ಮಾಡಿಸಿ, ಪ್ರತಿ ಪಾಲಿಗೂ ಅಳತೆ ಮತ್ತು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಗುರುತಿಸಿ, ಅದನ್ನೇ ರಾಜಿ ಅರ್ಜಿಗೆ ಸೇರಿಸಬೇಕು. ಹೆಣ್ಣುಮಕ್ಕಳನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಸಹಿ ಮಾಡುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿರುವುದರಿಂದ, ಅವಳು ಸೇರದ ರಾಜಿಯು ಅವಳನ್ನು ಕಟ್ಟಿಹಾಕುವುದಿಲ್ಲ, ಅವಳು ಹೊಸ ದಾವೆ ಹೂಡಿದ ದಿನ ಎಲ್ಲವೂ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ರಾಜಿ ಅರ್ಜಿಯ ಭಾಷೆ

ನನ್ನ ಅಭಿಪ್ರಾಯದಲ್ಲಿ ಲೋಕ ಅದಾಲತ್‌ನ ಅರ್ಧ ಕೆಲಸ ಇರುವುದು ಈ ಒಂದೆರಡು ಪುಟಗಳಲ್ಲಿಯೇ. ಗಡಿಬಿಡಿಯಲ್ಲಿ ಬರೆದ ರಾಜಿ ಅರ್ಜಿಗಳಲ್ಲಿ ‘ಪ್ರತಿವಾದಿಯು ಬಾಕಿ ಹಣವನ್ನು ಶೀಘ್ರದಲ್ಲಿ ಪಾವತಿಸಲು ಒಪ್ಪಿರುತ್ತಾರೆ’ ಎಂಬಂತಹ ವಾಕ್ಯಗಳಿರುತ್ತವೆ. ಎಷ್ಟು, ಯಾವಾಗ, ಕೊಡದಿದ್ದರೆ ಏನು ಎಂಬ ಮೂರಕ್ಕೂ ಇದರಲ್ಲಿ ಉತ್ತರವಿಲ್ಲ, ಇದನ್ನು ಹಿಡಿದು ಅಮಲ್ಜಾರಿಗೆ, ಎಂದರೆ ಆದೇಶವನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು, ಹೋದರೆ ಅಲ್ಲಿ ಹೊಸ ವಾದ ಹುಟ್ಟುತ್ತದೆ. ಅದರ ಬದಲು ಹೀಗೆ ಬರೆಯಿಸಬೇಕು: ‘ಪ್ರತಿವಾದಿಯು ಒಟ್ಟು 2,40,000 ರೂಪಾಯಿಗಳನ್ನು ತಿಂಗಳಿಗೆ 20,000 ರೂಪಾಯಿಯಂತೆ 12 ಕಂತುಗಳಲ್ಲಿ, ಪ್ರತಿ ತಿಂಗಳ 10ನೇ ತಾರೀಖಿನೊಳಗೆ ವಾದಿಯ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ಯಾವುದೇ ಎರಡು ಕಂತುಗಳು ತಪ್ಪಿದಲ್ಲಿ, ಉಳಿದ ಸಂಪೂರ್ಣ ಬಾಕಿಯನ್ನು ತಪ್ಪಿದ ದಿನಾಂಕದಿಂದ ವಾರ್ಷಿಕ ಶೇ. 9ರ ಬಡ್ಡಿಸಹಿತ ಒಂದೇ ಗಂಟಿನಲ್ಲಿ ವಸೂಲು ಮಾಡಿಕೊಳ್ಳಲು ವಾದಿಯು ಹಕ್ಕುಳ್ಳವರಾಗಿರುತ್ತಾರೆ.’ ಖಾತೆಯ ಸಂಖ್ಯೆ ಮತ್ತು ಮೊದಲ ಕಂತಿನ ತಿಂಗಳನ್ನೂ ನಮೂದಿಸಬೇಕು. ಹಣ ಕೊಡುವವರ ಕಡೆಯಿಂದ ನೋಡಿದರೆ, ಪೂರ್ತಿ ಪಾವತಿಯಾದ ಮೇಲೆ ವಾದಿಯು ಹಿಂದಿರುಗಿಸಬೇಕಾದ ಚೆಕ್ಕು, ಆನ್ ಡಿಮ್ಯಾಂಡ್ ಪತ್ರ (ಕೇಳಿದಾಗ ಸಾಲ ತೀರಿಸುವೆನೆಂದು ಬರೆದುಕೊಟ್ಟ ಪತ್ರ), ಅಡಮಾನದ ಕಾಗದಗಳ ಪಟ್ಟಿ ಇರಬೇಕು. ಇಬ್ಬರ ನಡುವೆ ಬೇರೆ ನ್ಯಾಯಾಲಯಗಳಲ್ಲಿ ಪ್ರಕರಣಗಳಿದ್ದರೆ ಅವುಗಳ ಸಂಖ್ಯೆ ಬರೆದು, ಯಾರು ಯಾವಾಗ ಹಿಂಪಡೆಯುತ್ತಾರೆಂದು ನಮೂದಿಸಬೇಕು.

ದಾವೆಯ ಷೆಡ್ಯೂಲಿನಲ್ಲಿ (ಆಸ್ತಿಗಳ ಪಟ್ಟಿಯಲ್ಲಿ) ಇಲ್ಲದ ಸ್ಥಿರಾಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಆ ಭಾಗಕ್ಕೆ ನೋಂದಣಿ ಅಗತ್ಯವಾಗುತ್ತದೆ, ವಿಭಾಗದ ಡಿಕ್ರಿಗೆ ಮುದ್ರಾಂಕ ಶುಲ್ಕದ ಪ್ರಶ್ನೆಯೂ ಬರುತ್ತದೆ. ಇವೆರಡನ್ನೂ ಸಹಿಗೆ ಮುನ್ನವೇ ವಕೀಲರಲ್ಲಿ ಕೇಳಿ ತಿಳಿದುಕೊಳ್ಳಿ.

ಅದಾಲತ್ ದಿನ ಆಧಾರ್‌ನಂತಹ ಗುರುತಿನ ಚೀಟಿಯೊಂದಿಗೆ ಕಕ್ಷಿದಾರರೇ ಬರುವುದು ಒಳ್ಳೆಯದು. ಪೀಠದವರು ಷರತ್ತುಗಳನ್ನು ಓದಿ ಹೇಳಿ, ಒಪ್ಪಿಗೆಯೇ ಎಂದು ಇಬ್ಬರನ್ನೂ ಕೇಳುತ್ತಾರೆ. ಆದೇಶವನ್ನು ನ್ಯಾಯಾಲಯದಲ್ಲಿ ಬಳಕೆಯಲ್ಲಿರುವ ಪ್ರಾದೇಶಿಕ ಭಾಷೆಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಬಹುದಾದ್ದರಿಂದ, ಇಂಗ್ಲಿಷ್ ಬಾರದವರು ಕನ್ನಡದಲ್ಲಿ ಬರೆಯಿರಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಯಾವುದೇ ಒಂದು ಷರತ್ತು ಅರ್ಥವಾಗದಿದ್ದರೂ ಸಹಿ ಮಾಡಬೇಡಿ. ಒತ್ತಾಯಿಸುವ ಅಧಿಕಾರ ಪೀಠಕ್ಕಿಲ್ಲ. ‘ಇವತ್ತು ಮುಗಿಸಿಬಿಡಿ’ ಎಂದು ಸುತ್ತಲಿನವರು ಹೇಳುವುದು ಸಹಜ, ಅವರಿಗೆ ಕಡತ ಮುಗಿಯುತ್ತದೆ, ಷರತ್ತುಗಳೊಂದಿಗೆ ಬಾಳಬೇಕಾದವರು ನೀವು. ರಾಜಿಯಾಗದಿದ್ದರೆ ಪ್ರಕರಣ ಮೂಲ ನ್ಯಾಯಾಲಯಕ್ಕೆ ಮರಳಿ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ.

ಆದೇಶ ಬಂದ ಮೇಲೆ

ದೃಢೀಕೃತ ಪ್ರತಿಯನ್ನು ಎರಡೂ ಕಡೆಯವರಿಗೆ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ, ಕೇಳಿ ಪಡೆಯಿರಿ. ನ್ಯಾಯಾಲಯದಿಂದ ಬಂದ ಪ್ರಕರಣ ಇತ್ಯರ್ಥವಾದರೆ ಕಟ್ಟಿದ್ದ ನ್ಯಾಯಾಲಯ ಶುಲ್ಕವೂ ಹಿಂದಿರುಗುತ್ತದೆ. ಹಣ ವಸೂಲಿಯ ದೊಡ್ಡ ದಾವೆಗಳಲ್ಲಿ ಇದು ಸಣ್ಣ ಮೊತ್ತವೇನಲ್ಲ, ಆದರೂ ಅನೇಕರು ಅದಕ್ಕೆ ಅರ್ಜಿ ಹಾಕುವುದನ್ನೇ ಮರೆಯುತ್ತಾರೆ.

ಒಪ್ಪಿದವರು ಕೊಡದೆ ಹೋದರೆ ಹೊಸ ದಾವೆ ಬೇಕಿಲ್ಲ. ಆದೇಶವೇ ಡಿಕ್ರಿಯಾದ್ದರಿಂದ ನೇರವಾಗಿ ಅಮಲ್ಜಾರಿ ಅರ್ಜಿ ಸಲ್ಲಿಸಬಹುದು, ಹಣ ಅಥವಾ ಸ್ವಾಧೀನದ ಡಿಕ್ರಿಗೆ 12 ವರ್ಷದ ಅವಧಿಯಿದೆ. ಕ್ರಿಮಿನಲ್ ನ್ಯಾಯಾಲಯದಿಂದ ಬಂದ ಚೆಕ್ ಬೌನ್ಸ್ ಪ್ರಕರಣದಲ್ಲಾದ ರಾಜಿಯನ್ನೂ ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

ಕೊನೆಯದಾಗಿ, ಖಾಯಂ ಜನತಾ ನ್ಯಾಯಾಲಯವನ್ನು (ಖಾಯಂ ಲೋಕ ಅದಾಲತ್) ಈ ಶನಿವಾರದ ಅದಾಲತ್‌ನೊಂದಿಗೆ ಬೆರೆಸಬಾರದು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 2002ರ ತಿದ್ದುಪಡಿಯಿಂದ ಬಂದ ಇದು ವಿದ್ಯುತ್, ನೀರು, ಸಾರಿಗೆ, ಅಂಚೆ, ದೂರವಾಣಿ, ಆಸ್ಪತ್ರೆ, ವಿಮೆಯಂತಹ ಸಾರ್ವಜನಿಕ ಉಪಯುಕ್ತ ಸೇವೆಗಳ ತಕರಾರುಗಳಿಗೆ ಮೀಸಲಾಗಿದ್ದು, ಮೊತ್ತದ ಮಿತಿ 1 ಕೋಟಿ ರೂಪಾಯಿ. ಬೆಂಗಳೂರು, ಮಂಗಳೂರು ಮೊದಲಾದ ಕಡೆ ಇದು ಕೆಲಸ ಮಾಡುತ್ತಿದೆ. ಇಲ್ಲಿ ರಾಜಿ ಮುರಿದುಬಿದ್ದರೆ ಪೀಠವೇ ತೀರ್ಪು ಕೊಡಬಲ್ಲದು, ಆದರೆ ಅದಕ್ಕೂ ಮುನ್ನ ಸಂಧಾನದ ಹಂತವನ್ನು ಕಡ್ಡಾಯವಾಗಿ ನಡೆಸಬೇಕು. ಮಂಗಳೂರಿನಿಂದ ಹೋದ ಕೆನರಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಈ ಎರಡನ್ನೂ ಸ್ಪಷ್ಟಪಡಿಸಿದೆ. ಎದುರು ಪಕ್ಷದವರು ಬರದಿದ್ದರೂ ಆ ಹಂತವನ್ನು ಹಾರಿಸುವಂತಿಲ್ಲ. ಒಮ್ಮೆ ಇಲ್ಲಿ ಅರ್ಜಿ ಹಾಕಿದ ಮೇಲೆ ಅದೇ ತಕರಾರನ್ನು ಬೇರೆ ನ್ಯಾಯಾಲಯಕ್ಕೆ ಒಯ್ಯಲು ಬರುವುದಿಲ್ಲವಾದ್ದರಿಂದ, ಗ್ರಾಹಕರ ಆಯೋಗವೋ ಖಾಯಂ ಜನತಾ ನ್ಯಾಯಾಲಯವೋ ಎಂಬುದನ್ನು ಅರ್ಜಿಗೆ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು.